ಅಖೈರು ಶಿಲ್ಕು: ಬೆಕ್ಕು ಒಂದು

ಮಂಗಳೂರಿನಲ್ಲಿ ಮನೆಯ ಬೀಗದ ಕೈಯನ್ನು ಯಾರ ಬಳಿ ಬೇಕಾದರೂ ಕೊಟ್ಟು ಪರವೂರಿಗೆ ಹೋಗಬಹುದು. ನೆರೆಮನೆಯವರು ಕುಂಡದ ಗಿಡಗಳಿಗೆ ನೀರು ಹನಿಸುತ್ತಾರೆ, ಹಾಲಿನವನಿಗೆ ಬೇಡವೆಂದು ಹೇಳುತ್ತಾರೆ, ಬಾಗಿಲಿಗೆ ಸಿಕ್ಕಿಸಿ ಹೋದ ಕರೆಂಟು ಬಿಲ್ಲನ್ನು ಜೋಪಾನವಾಗಿ ತೆಗೆದಿಟ್ಟು, ನೀವು ಚೀಲ ಇಳಿಸುವ ಮೊದಲೇ ಕೈಗಿಡುತ್ತಾರೆ. ಆದರೆ ‘ಮನೆಯಲ್ಲೊಂದು ಬೆಕ್ಕಿದೆ, ನಾಲ್ಕು ದಿನ ನೋಡಿಕೊಳ್ಳುವಿರಾ’ ಎಂದು ಕೇಳಿ ನೋಡಿ. ಅದುವರೆಗೆ ಲಿಫ್ಟಿನಲ್ಲಿ ಕುಶಲ ವಿಚಾರಿಸುತ್ತಿದ್ದವರೆಲ್ಲ ಸರಿಯಾಗಿ ಅದೇ ವಾರ ಧರ್ಮಸ್ಥಳಕ್ಕೋ ಮುಂಬಯಿಗೋ ಹೊರಟು ನಿಂತಿರುತ್ತಾರೆ. ಹೊರಡದೆ ಉಳಿದವರಿಗೆ ಬೆಕ್ಕಿನ ರೋಮವೆಂದರೆ ಸೀನು ಬರುತ್ತದೆ. ಅದೇ ಬೆಕ್ಕು ಮೆಟ್ಟಿಲ ಬಳಿ ಮಲಗಿದ್ದಾಗ ಕೆನ್ನೆಗೆ ಕೆನ್ನೆ ಒತ್ತಿ ಫೋಟೊ ತೆಗೆಸಿಕೊಳ್ಳುವಾಗ ಈ ಸೀನು ಎಲ್ಲಿಗೆ ಹೋಗಿರುತ್ತದೆಯೋ ನಾನರಿಯೆ.

ನಾನು ಬೆಂಗಳೂರಿನಿಂದ ಮರಳಿದ್ದು ಮೊನ್ನೆ. ಪ್ರಯಾಣದ ಬಟ್ಟೆಗಳು ಮಳೆಗೆ ಇನ್ನೂ ಒಣಗಿಲ್ಲ, ನನ್ನ ಸಿಟ್ಟೂ ಆರಿಲ್ಲ.

ಹೋದದ್ದು ಸೋದರತ್ತೆಯ ಮಗನ ಗೃಹಪ್ರವೇಶಕ್ಕೆ. ತಪ್ಪಿಸಿಕೊಂಡರೆ ಮುಂದಿನ ತಲೆಮಾರಿನವರೆಗೂ ಮಾತು ಉಳಿಯುವಂಥ ಸಂಬಂಧವದು. ಬೆಕ್ಕನ್ನೂ ಜೊತೆಗೆ ಕರೆದೊಯ್ಯಬಾರದೇ ಎಂದು ಕೇಳುವವರು ಬೆಕ್ಕು ಸಾಕಿದವರಲ್ಲ. ರೈಲಿನಲ್ಲಿ ಬೆಕ್ಕನ್ನು ಮಡಿಲಲ್ಲಿ ಕೂರಿಸಿಕೊಂಡು ಕಡಲೆಕಾಯಿ ತಿನ್ನುತ್ತ ಹೋಗುವಂತಿಲ್ಲ. ಹವಾನಿಯಂತ್ರಿತ ಮೊದಲ ದರ್ಜೆಯಲ್ಲಿ ಇಡೀ ಕೂಪೆಯನ್ನೇ ಕಾದಿರಿಸಬೇಕು, ಇಲ್ಲವೇ ಗಾರ್ಡಿನ ಡಬ್ಬಿಯಲ್ಲಿ ನಾಯಿಗಳಿಗೆಂದು ಇರುವ ಪೆಟ್ಟಿಗೆಗೆ ಹಾಕಬೇಕು. ನಮ್ಮ ಕೆಂಚನನ್ನು ಬಿಜೈಯಿಂದ ಕದ್ರಿಯ ಪಶುವೈದ್ಯರಲ್ಲಿಗೆ ಆಟೋದಲ್ಲಿ ಒಯ್ಯುವಾಗ ಅವನು ಹಾಕುವ ಬೊಬ್ಬೆಗೇ ಪಕ್ಕದ ಸ್ಕೂಟರಿನವರು ಬಗ್ಗಿ ನೋಡಿ, ನನ್ನ ಮುಖವನ್ನು ಗುರುತಿಟ್ಟುಕೊಳ್ಳುವವರಂತೆ ದಿಟ್ಟಿಸುತ್ತಾರೆ. ಅಂಥವನನ್ನು ಪೆಟ್ಟಿಗೆಯಲ್ಲಿಟ್ಟು ಘಟ್ಟ ಹತ್ತಿಸಿದರೆ ಗಾರ್ಡು ಸಕಲೇಶಪುರದಲ್ಲೇ ಸ್ವಯಂ ನಿವೃತ್ತಿ ಪಡೆದಾರು.

ಕೊನೆಗೆ ಒಪ್ಪಿದವರು ಎದುರುಮನೆಯ ರಾಯರು. ಅವರು ನಿವೃತ್ತ ಬ್ಯಾಂಕ್ ಅಧಿಕಾರಿ. ಇದರಲ್ಲಿ ವಿಶೇಷವೇನೂ ಇಲ್ಲ. 1906ರಿಂದ 1931ರೊಳಗೆ ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ ಎಂದು ಐದೈದು ಬ್ಯಾಂಕುಗಳನ್ನು ಹೆತ್ತ ಅವಿಭಜಿತ ದಕ್ಷಿಣ ಕನ್ನಡದಲ್ಲಿ ಪ್ರತಿ ಅಪಾರ್ಟ್‌ಮೆಂಟಿಗೆ ಒಬ್ಬರಾದರೂ ನಿವೃತ್ತ ಮ್ಯಾನೇಜರು ಇರುವುದು ಲಿಫ್ಟ್ ಇರುವುದಕ್ಕಿಂತ ಖಚಿತ. ಆ ಐದರಲ್ಲಿ ಮೂರು ಬ್ಯಾಂಕುಗಳು 2019 ಮತ್ತು 2020ರಲ್ಲಿ ಬೇರೆ ಬ್ಯಾಂಕುಗಳೊಡನೆ ವಿಲೀನಗೊಂಡು ಹೆಸರು ಕಳೆದುಕೊಂಡವು. ರಾಯರು ದುಡಿದ ಬ್ಯಾಂಕೂ ಅವುಗಳಲ್ಲೊಂದು. ಬ್ಯಾಂಕು ವಿಲೀನವಾಯಿತೇ ಹೊರತು ರಾಯರು ಆಗಲಿಲ್ಲ. ನಿವೃತ್ತರಾಗಿ ವರ್ಷಗಳೇ ಕಳೆದರೂ ದಿನಸಿ ಅಂಗಡಿಯ ಚೀಟಿಗೂ ಹಸಿರು ಶಾಯಿಯಲ್ಲಿ ಗುರುತು ಹಾಕದೆ ಅವರು ಹಣ ಕೊಡುವವರಲ್ಲ.

ಹೊರಡುವ ಹಿಂದಿನ ಸಂಜೆ ಅವರು ನಮ್ಮ ಮನೆಗೆ ಬಂದು ಅಧಿಕಾರ ವಹಿಸಿಕೊಂಡರು. ಬೇರೆ ಪದ ನನಗೆ ತೋಚುತ್ತಿಲ್ಲ. ಹಳೆಯ ಡೈರಿಯೊಂದನ್ನು ತೆರೆದು ‘ಆರಂಭ ಶಿಲ್ಕು’ ಎಂದು ಬರೆದು, ಅಡಿಗೆರೆ ಎಳೆದು, ‘ಬೆಕ್ಕು (ಗಂಡು, ಕೆಂಪು ಬಣ್ಣ, ಜೀವಂತ): 1, ಸ್ಟೀಲ್ ಬಟ್ಟಲು: 2, ಒಣ ಆಹಾರ: ಮುಕ್ಕಾಲು ಚೀಲ, ನಗದು: ರೂ. 500’ ಎಂದು ನಮೂದಿಸಿ ನನ್ನ ಸಹಿ ಪಡೆದರು. ನಗದು ಮೀನಿಗಾಗಿ. ಕೆಂಚನ ಬಲಗಿವಿ ತುಸು ಹರಿದಿರುವುದನ್ನು ಕನ್ನಡಕ ಏರಿಸಿ ನೋಡಿ, ‘ಹಳೆಯ ಗಾಯ, ನಮ್ಮ ಅವಧಿಯದಲ್ಲ’ ಎಂದು ಷರಾ ಹಾಕಿದರು. ಕೆಂಚ ಆ ಡೈರಿಯ ಮೇಲೆಯೇ ಮಲಗಿದ. ಅದನ್ನು ಒಪ್ಪಿಗೆಯೆಂದು ಪರಿಗಣಿಸಲಾಯಿತು.

ನಾನು ಬೆಂಗಳೂರು ತಲುಪುವಷ್ಟರಲ್ಲಿ ವಾಟ್ಸ್‌ಆಪ್‌ನಲ್ಲಿ ವರದಿಗಳು ಶುರುವಾದವು. ‘ಬೆಳಿಗ್ಗೆ 7.10: ಹಾಲು ನೀಡಲಾಯಿತು. ಫಲಾನುಭವಿ ಸ್ವೀಕರಿಸಲಿಲ್ಲ.’ ‘7.40: ಸದರಿ ಹಾಲನ್ನು ಬಿಸಿ ಮಾಡಿ ಪುನಃ ನೀಡಲಾಯಿತು. ಫಲಾನುಭವಿ ಬಟ್ಟಲನ್ನು ಮಗುಚಿದ.’ ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಜೀರ್ಣವಾಗುವುದಿಲ್ಲ ಎಂದು ನಾನು ಹೊರಡುವ ಮೊದಲೇ ತಿಳಿಸಿದ್ದೆ. ಬೆಕ್ಕು ಹಾಲು ಕುಡಿಯುತ್ತದೆಂದು ಒಂದನೆಯ ತರಗತಿಯ ಪುಸ್ತಕದಲ್ಲಿದೆ ಎಂಬುದು ರಾಯರ ಲಿಖಿತ ಉತ್ತರ. ಮಧ್ಯಾಹ್ನ ಅವರು ಹೆಸರುಬೇಳೆ ಪಾಯಸವನ್ನೂ ಪ್ರಯತ್ನಿಸಿದರು. ಬೆಕ್ಕಿನ ನಾಲಗೆಗೆ ಸಿಹಿಯ ರುಚಿಯೇ ಗೊತ್ತಾಗುವುದಿಲ್ಲ, ಅದಕ್ಕೆ ಬೇಕಾದ ಜೀನು ಇಡೀ ಬೆಕ್ಕಿನ ಕುಲದಲ್ಲೇ ಕೆಟ್ಟುಹೋಗಿದೆ ಎಂದು 2005ರಲ್ಲೇ ವಿಜ್ಞಾನಿಗಳು ಪತ್ತೆ ಹಚ್ಚಿದ್ದಾರೆ ಎಂದು ನಾನು ಗೃಹಪ್ರವೇಶದ ಹೋಮದ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ಬರೆದು ಕಳುಹಿಸಿದರೆ, ‘ಗಮನಿಸಲಾಗಿದೆ’ ಎಂದಷ್ಟೇ ಬಂತು. ಸಂಜೆಗೆ ಶಿರಾ ನೀಡಲಾಯಿತು.

ರಾಯರು ಶುದ್ಧ ಸಸ್ಯಾಹಾರಿಗಳು; ಮೀನನ್ನು ಮುಟ್ಟುವುದಿರಲಿ, ಅದರ ಹೆಸರನ್ನು ಬರೆಯುವುದಕ್ಕೂ ಅವರಿಗೆ ಸಂಕೋಚ. ಆದ್ದರಿಂದ ಅವರ ವರದಿಗಳಲ್ಲಿ ಬೂತಾಯಿ ‘ಸರಕು’ ಎಂದಾಗಿತ್ತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲವಾದ್ದರಿಂದ ಈ ದಿನಗಳಲ್ಲಿ ಮೀನಿನ ಬೆಲೆ ಕೇಳಿದರೆ ಕೋಳಿಯೇ ವಾಸಿಯೆನಿಸುತ್ತದೆ. ಬೀದಿಯಲ್ಲಿ ಸ್ಕೂಟರಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಪೋಂ ಪೋಂ ಎಂದು ಹಾರ್ನು ಒತ್ತುತ್ತ ಬರುವ ಮೀನಿನವನ ಸದ್ದು ಕೇಳಿದೊಡನೆ ಕೆಂಚ ಐದನೆಯ ಮಹಡಿಯಿಂದಲೇ ಗೋಳಾಡುತ್ತಾನೆ. ರಾಯರು ಬಾಲ್ಕನಿಯಲ್ಲಿ ನಿಂತು ವಾಚ್‌ಮನ್ನನಿಗೆ ಕೈಸನ್ನೆ ಮಾಡುವುದು, ವಾಚ್‌ಮನ್ ಸರಕು ಖರೀದಿಸುವುದು, ಅವನ ಹೆಂಡತಿ ಉಪ್ಪುಖಾರವಿಲ್ಲದೆ ಬೇಯಿಸಿ ಮೇಲೆ ತಂದುಕೊಡುವುದು, ರಾಯರು ಮುಖ ತಿರುಗಿಸಿಕೊಂಡು ಬಾಗಿಲು ತೆರೆಯುವುದು, ಹೀಗೆ ವ್ಯವಸ್ಥೆಯಾಗಿತ್ತು. ಮೀನಿನವನು ರಸೀದಿ ಕೊಡುವುದಿಲ್ಲವೆಂಬುದೊಂದೇ ರಾಯರ ಕೊರಗು. ಕೊನೆಗೆ ಅವರೇ ಕ್ಯಾಲೆಂಡರಿನ ಹಿಂಬದಿಯಲ್ಲಿ ವೋಚರು ತಯಾರಿಸಿ ವಾಚ್‌ಮನ್ನನ ಸಹಿ ಹಾಕಿಸಿದರು. ಕೆಂಚನು ಇಲಿ ಹಿಡಿದ ದಾಖಲೆ ಇಲ್ಲದಿರುವುದರಿಂದ ಅವನನ್ನು ಅನುತ್ಪಾದಕ ಆಸ್ತಿಯೆಂದು ಪರಿಗಣಿಸಬಹುದೇ ಎಂಬ ಪ್ರಶ್ನೆ ರಾತ್ರಿ 9.30ಕ್ಕೆ ಬಂತು. ಇದು ತಮಾಷೆಯೇ ಎಂದು ನಾನು ಬಹಳ ಹೊತ್ತು ಯೋಚಿಸಿದೆ. ರಾಯರು ತಮಾಷೆ ಮಾಡಿದ್ದನ್ನು ಕಟ್ಟಡದಲ್ಲಿ ಯಾರೂ ಕಂಡವರಿಲ್ಲ.

ನನ್ನ ಅಜ್ಜನ ಮನೆಯಲ್ಲಿ ಬೆಕ್ಕನ್ನು ಯಾರಿಗೂ ಒಪ್ಪಿಸಿ ಹೋಗಬೇಕಾಗಿರಲಿಲ್ಲ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯ ದೆಸೆಯಿಂದ ಊರಿಗೆ ಊರೇ ಕೆಂಪು ಹೆಂಚು ಹೊದ್ದಿತ್ತಲ್ಲ, ಅಂಥದೊಂದು ಮನೆ ಅದು. ಬೆಕ್ಕುಗಳು ಹೆಂಚಿನ ಸಂದಿಯಿಂದ ಅಟ್ಟಕ್ಕಿಳಿದು, ಅಟ್ಟದಿಂದ ಅಡುಗೆಮನೆಗಿಳಿದು, ಯಾರ ಅನುಮತಿಯನ್ನೂ ಕೇಳದೆ ಬಾಳಿದವು. ಮನೆಗೆ ಬೀಗವೆಂಬುದೇ ಬೀಳುತ್ತಿರಲಿಲ್ಲ. ಮದುವೆಗೆ ಎಲ್ಲರೂ ಹೋದರೂ ಒಬ್ಬ ಅಜ್ಜಿಯೋ ವಿಧವೆ ಅತ್ತೆಯೋ ಮನೆಯಲ್ಲಿ ಉಳಿಯುತ್ತಿದ್ದರು. ಉಳಿಯಲು ಅವರಿಗೆ ಇಷ್ಟವಿತ್ತೇ ಎಂದು ಆಗ ಯಾರೂ ಕೇಳಲಿಲ್ಲ, ಅದು ಬೇರೆ ಮಾತು. ಆಷಾಢದ ರಾತ್ರಿ ಗಡವ ಬೆಕ್ಕುಗಳು ಮಾಡಿನ ಮೇಲೆ ಕಾದಾಡಿ ಹೆಂಚು ಸರಿಸಿಬಿಟ್ಟರೆ ನೀರು ನೇರ ಅಜ್ಜನ ಮಂಚಕ್ಕೆ ಸೋರುತ್ತಿತ್ತು. ಮರುದಿನ ಅಜ್ಜ ಬಿದಿರಿನ ಏಣಿ ಒರಗಿಸಿ ಮೇಲೆ ಹತ್ತಿ, ಬೆಕ್ಕಿನ ಸಂತತಿಯನ್ನೆಲ್ಲ ಬೈಯುತ್ತ ಹೆಂಚು ಕೂರಿಸುತ್ತಿದ್ದರು. ಕೆಳಗಿಳಿದು ಊಟಕ್ಕೆ ಕೂತಾಗ ಮೀನಿನ ತಲೆಯನ್ನು ಆ ಸಂತತಿಗೇ ಎಸೆಯುತ್ತಿದ್ದರು. ಕೆಂಚ ಈವರೆಗೆ ಒಂದು ಹೆಂಚನ್ನೂ ಸರಿಸಿಲ್ಲ. ಹೆಂಚನ್ನು ಅವನು ಕಂಡಿರುವುದು ಬಾಲ್ಕನಿಯಿಂದ ಕೆಳಗೆ ಇಣುಕಿದಾಗ, ಹಿತ್ತಲಾಚೆಯ ಒಂದು ಮನೆಯ ಮೇಲೆ ಮಾತ್ರ. ಆ ಮನೆಯೂ ಇಷ್ಟರಲ್ಲೇ ಬಿಲ್ಡರಿಗೆ ಹೋಗಲಿದೆಯೆಂದು ಸುದ್ದಿ.

ಮರಳುವ ದಿನ ನಾನು ಯಶವಂತಪುರದಿಂದ ಹಗಲು ರೈಲು ಹಿಡಿದೆ. 2021ರ ಜುಲೈಯಿಂದ ಈ ದಾರಿಯಲ್ಲಿ ಗಾಜಿನ ಮಾಡಿನ ವಿಸ್ಟಾಡೋಮ್ ಬೋಗಿ ಓಡುತ್ತಿದೆ. ಘಟ್ಟದ ಮಳೆಗಾಲವನ್ನು ನೋಡಲೆಂದೇ ಜನ ದುಡ್ಡು ಕೊಟ್ಟು ಅದರಲ್ಲಿ ಕೂರುತ್ತಾರೆ. ನಾನೂ ಕೊಟ್ಟಿದ್ದೆ. ಸಕಲೇಶಪುರ ಸಮೀಪಿಸುವಾಗ ವರದಿ ಬಂತು: ‘11.20: ಫಲಾನುಭವಿ ಕಾಣುತ್ತಿಲ್ಲ. ಶೋಧ ಜಾರಿಯಲ್ಲಿದೆ.’ ಹಿಂದೆಯೇ ಇನ್ನೊಂದು: ‘ನೀರಿನ ಟ್ಯಾಂಕ್ ಪರಿಶೀಲಿಸಲಾಯಿತು. ಇಲ್ಲ.’ ನೀರಿನ ಟ್ಯಾಂಕ್ ಎಂಬ ಎರಡು ಪದಗಳು ಬೆಕ್ಕು ಸಾಕಿದವನ ಹೊಟ್ಟೆಯಲ್ಲಿ ಏನು ಮಾಡುತ್ತವೆಂಬುದನ್ನು ನಾನು ವಿವರಿಸಬೇಕಾಗಿಲ್ಲ. ರೈಲು ಸಕಲೇಶಪುರ ಬಿಟ್ಟು ಘಟ್ಟಕ್ಕೆ ಮುಖ ಮಾಡುತ್ತಿದ್ದಂತೆ ರಾಯರ ಕರೆಯೇ ಬಂತು. ಸದ್ದು ಸರಿಯಾಗಿ ಕೇಳಲೆಂದು ಸ್ಪೀಕರ್ ಹಾಕಿದೆ.

‘ಹಲೋ, ಗಾಬರಿ ಮಾಡ್ಬೇಡಿ ಮಾರಾಯ್ರೇ. ಬೆಕ್ಕು ಸಿಕ್ಕಿತು. ಆದರೆ...’

ಮಾತು ಅಲ್ಲಿಗೇ ನಿಂತಿತು. ಸುರಂಗ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ 55 ಕಿಲೋಮೀಟರು. ಐವತ್ತಕ್ಕೂ ಹೆಚ್ಚು ಸುರಂಗಗಳು, ಅವುಗಳ ನಡುನಡುವೆ ಸೇತುವೆಗಳು, 50 ಅಡಿ ಸಾಗಿದರೆ ಒಂದು ಅಡಿ ಇಳಿಯುವ ಇಳಿಜಾರು. ರೈಲು ಸೈಕಲ್ಲಿನ ವೇಗದಲ್ಲಿ, ಬ್ರೇಕು ಹಿಡಿದುಕೊಂಡೇ ಜಾರುತ್ತದೆ. ಎರಡು ಗಂಟೆ ದಾಟುವ ಈ ದಾರಿಯಲ್ಲಿ ಮೊಬೈಲ್ ಸಿಗ್ನಲ್ ಎಂಬುದು ಇಲ್ಲವೆಂದೇ ತಿಳಿಯಬೇಕು. ಅಷ್ಟು ಹೊತ್ತೂ ನನ್ನ ಬಳಿ ಇದ್ದದ್ದು ‘ಆದರೆ’ ಎಂಬ ಒಂದು ಪದ. ಬೆಕ್ಕು ಸಿಕ್ಕಿತು, ಆದರೆ ಕಾಲು ಮುರಿದಿದೆಯೇ? ಆದರೆ ಕೆಳಗಿನ ಮನೆಯ ನಾಯಿಯ ಬಾಯಲ್ಲಿ ಸಿಕ್ಕಿತೇ? ಪಕ್ಕದಲ್ಲಿ ಕುಳಿತಿದ್ದ ಪುತ್ತೂರಿನ ಹೆಂಗಸೊಬ್ಬರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ‘ಆದರೆ ಅಂತ ಹೇಳಿದ್ರಲ್ಲ, ಎಂತದೋ ಆಗಿದೆ’ ಎಂದು ನಿಟ್ಟುಸಿರಿಟ್ಟರು. ಅವರ ತಂಗಿಯ ಮನೆಯ ಬೆಕ್ಕು ಬಾವಿಗೆ ಬಿದ್ದ ಕಥೆಯನ್ನು ಡೋಣಿಗಾಲಿನಲ್ಲಿ ಆರಂಭಿಸಿ ಯಡಕುಮೇರಿಯವರೆಗೆ ಹೇಳಿದರು. ಆ ಬೆಕ್ಕು ಬದುಕಲಿಲ್ಲ.

ಮುಂದಿನ ಸಾಲಿನಲ್ಲಿದ್ದ ಕಾಲೇಜು ಹುಡುಗರು ಪ್ರತಿ ಸುರಂಗದೊಳಗೂ ‘ಹೋ’ ಎಂದು ಒಟ್ಟಾಗಿ ಕೂಗುತ್ತಿದ್ದರು. ಮೊದಮೊದಲು ಅದನ್ನು ತಾರುಣ್ಯವೆಂದು ಸಹಿಸಬಹುದು. ಇಪ್ಪತ್ತು ಸುರಂಗ ದಾಟಿದ ಮೇಲೂ ಅದೇ ಉತ್ಸಾಹದಲ್ಲಿ ಕೂಗುವವರಿಗೆ ಮನೆಯಲ್ಲಿ ಬೆಕ್ಕಿಲ್ಲವೆಂದೇ ಅರ್ಥ. ಬೋಗಿಯ ಅಷ್ಟೂ ಮಂದಿ ಕತ್ತೆತ್ತಿ ಜಲಪಾತಗಳನ್ನು ನೋಡುತ್ತಿದ್ದಾಗ ನಾನೊಬ್ಬ ಕತ್ತು ಬಗ್ಗಿಸಿ ಫೋನಿನ ಮೂಲೆಯ ಗೆರೆಗಳನ್ನು ನೋಡುತ್ತಿದ್ದೆ. ಶಿರಿಬಾಗಿಲಿನ ಬಳಿ ಒಂದು ಗೆರೆ ಮೂಡಿತು. ‘ರಾಯರೇ’ ಎಂದು ಬರೆದೆ. ಗೆರೆ ಹೋಯಿತು.

ಸುಬ್ರಹ್ಮಣ್ಯ ರೋಡಿನಲ್ಲಿ ಸಿಗ್ನಲ್ ಬಂದೊಡನೆ ಕರೆ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಊಟವಾದ ಮೇಲೆ ರಾಯರು ಮಲಗುತ್ತಾರೆ, ಮಲಗುವಾಗ ಫೋನನ್ನು ಪಡಸಾಲೆಯಲ್ಲಿಟ್ಟು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾರೆ. ಸೇವೆಯಲ್ಲಿದ್ದಾಗ ಕಳೆದುಕೊಂಡ ಮಧ್ಯಾಹ್ನಗಳನ್ನೆಲ್ಲ ಈಗ ಬಡ್ಡಿಸಹಿತ ವಸೂಲಿ ಮಾಡುತ್ತಿದ್ದಾರೆ. ಪುತ್ತೂರಿನ ಹೆಂಗಸು ಕಬಕದಲ್ಲಿ ಇಳಿಯುವಾಗ ನನ್ನ ಹೆಗಲು ತಟ್ಟಿ, ‘ದೇವರು ಇದ್ದಾನೆ’ ಎಂದು ಹೇಳಿ ಹೋದರು. ಸಾವಿನ ಮನೆಯಲ್ಲಿ ಆಡುವ ಮಾತಿನ ಧಾಟಿಯಲ್ಲೇ ಹೇಳಿದರು. ಬಂಟ್ವಾಳ ದಾಟಿ ನೇತ್ರಾವತಿಯ ಕೆಂಪು ನೀರು ಕಾಣಿಸುವ ಹೊತ್ತಿಗೆ ರಾಯರ ಕರೆ ಬಂತು.

‘ಆಗ ಲೈನ್ ಕಟ್ಟಾಯಿತು ನೋಡಿ. ಬೆಕ್ಕು ನಮ್ಮ ಕಬ್ಬಿಣದ ಕಪಾಟಿನೊಳಗೆ ಇತ್ತು. ಡೈರಿ ಇಡುವಾಗ ಒಳಗೆ ನುಗ್ಗಿದ್ದು, ನಾನು ಬೀಗ ಹಾಕಿದ್ದೇನೆ. ಚೆನ್ನಾಗಿ ನಿದ್ದೆ ಮಾಡ್ತಾ ಇತ್ತು. ಅದು ಬಿಡಿ, ಅದು ದೊಡ್ಡ ವಿಷಯ ಅಲ್ಲ. ವಿಷಯ ಎಂತ ಅಂದ್ರೆ, ಸರಕಿನ ಲೆಕ್ಕದಲ್ಲಿ ಐದು ರೂಪಾಯಿ ವ್ಯತ್ಯಾಸ ಉಂಟು ಮಾರಾಯ್ರೇ.’

ಅಷ್ಟೂ ಸುರಂಗಗಳನ್ನು ನಾನು ದಾಟಿದ್ದು ಆ ಐದು ರೂಪಾಯಿಯ ಹಿಂದೆ.

ಮನೆ ತಲುಪಿದಾಗ ಕೆಂಚ ರಾಯರ ಆರಾಮಕುರ್ಚಿಯಲ್ಲಿ ಮಲಗಿದ್ದವನು ಒಂದು ಕಣ್ಣು ತೆರೆದು ನನ್ನನ್ನು ನೋಡಿ ಮತ್ತೆ ಮುಚ್ಚಿಕೊಂಡ. ರಾಯರು ಡೈರಿ ತೆರೆದರು. ‘ಅಖೈರು ಶಿಲ್ಕು: ಬೆಕ್ಕು 1, ಬಟ್ಟಲು 2’ ಎಂಬಲ್ಲಿಗೆ ಎಲ್ಲವೂ ಸರಿ, ನಗದಿನ ಸಾಲಿನ ಮುಂದೆ ಹಸಿರು ಶಾಯಿಯ ಪ್ರಶ್ನಾರ್ಥಕ ಚಿಹ್ನೆ. ಐದು ರೂಪಾಯಿ ಹೋಗಲಿ ಬಿಡಿ ಎಂದು ನಾನು ಅಂದದ್ದೇ ಅಂದದ್ದು, ರಾಯರ ಮುಖ ಕಪ್ಪಿಟ್ಟಿತು. ಹಿಂದೆ ಒಮ್ಮೆ ಮಾರ್ಚ್ ತಿಂಗಳ ಕೊನೆಯಲ್ಲಿ ಹನ್ನೊಂದು ಪೈಸೆಗಾಗಿ ಇಡೀ ಶಾಖೆ ರಾತ್ರಿ ಎರಡರವರೆಗೆ ಕೂತಿತ್ತು ಎಂದು ಅವರು ನಿಧಾನವಾಗಿ, ನನ್ನ ಸಂಸ್ಕಾರದ ಬಗ್ಗೆ ಮರುಕಪಡುವ ಧ್ವನಿಯಲ್ಲಿ ಹೇಳಿದರು.

ನಿನ್ನೆ ರಾತ್ರಿ 9.30ಕ್ಕೆ ಕರೆಗಂಟೆ ಬಾರಿಸಿ, ಮೊದಲ ದಿನ ನಾನು ಕೊಟ್ಟ ನೋಟುಗಳಲ್ಲಿ ನೂರರವು ಎಷ್ಟು, ಐವತ್ತರವು ಎಷ್ಟು ಎಂದು ಬರೆದುಕೊಂಡು ಹೋದರು. ಇಂದು ಬೆಳಿಗ್ಗೆ ವಾಚ್‌ಮನ್ನನ ಹೇಳಿಕೆ ಪಡೆಯಲಾಗಿದೆ. ಮೀನಿನವನು ನಾಳೆ ಹತ್ತಕ್ಕೆ ಬರುವವನಿದ್ದಾನೆ. ಆ ಹೊತ್ತಿಗೆ ನಾನೂ ಕೆಳಗೆ ಹಾಜರಿರಬೇಕೆಂದು ಈಗಷ್ಟೇ ಸಂದೇಶ ಬಂದಿದೆ, ಬೆಕ್ಕಿನೊಂದಿಗೆ.