ಐದು ದೋಸೆ ಒಟ್ಟಿಗೆ ಬಂದಾಗ

ಮನೆಯಲ್ಲಿ ದೋಸೆ ಹೊಯ್ಯುವವಳಿಗೆ ದೋಸೆ ತಿನ್ನುವ ಯೋಗ ಬರುವುದು ಎಲ್ಲರಿಗಿಂತ ಕೊನೆಗೆ. ಕಾವಲಿಯಿಂದ ಎದ್ದ ದೋಸೆ ಎರಡು ನಿಮಿಷ ಕಾದರೂ ಮೆತ್ತಗಾಗಿಬಿಡುತ್ತದೆ, ಹಾಗಾಗಿ ಎದ್ದದ್ದು ಎದ್ದಂತೆ ತಟ್ಟೆಗೆ ಹೋಗಲೇಬೇಕು. ಮೊದಲನೆಯದು ಕಾವಲಿಗೆ ಕಚ್ಚಿಕೊಂಡು ಹರಿಯುತ್ತದೆ, ಅದು ಯಾರಿಗೂ ಬೇಡ. ಆಮೇಲೆ ಮಗನಿಗೊಂದು, ಮಗಳಿಗೊಂದು, ಹಲ್ಲು ಅಷ್ಟಕ್ಕಷ್ಟೇ ಆದ ಅತ್ತೆಗೆ ಮೆತ್ತನೆಯದೊಂದು, ನಮ್ಮನೆಯವರಿಗೆ "ಇನ್ನೊಂದ್ ಸ್ವಲ್ಪ ಕೆಂಪಗೆ ಆಗ್ಲಿ". ನಾನು ತಟ್ಟೆ ಹಿಡಿದು ಕೂರುವ ಹೊತ್ತಿಗೆ ಮೇಜಿನ ಸುತ್ತ ಯಾರೂ ಇರುವುದಿಲ್ಲ. ಪಾತ್ರೆಯ ತಳ ಬಳಿದು ಹೊಯ್ದ ದಪ್ಪ ದೋಸೆ, ನೀರು ಬಿಟ್ಟುಕೊಂಡ ಚಟ್ನಿ, ಎದುರಿಗೆ ನಾಲ್ಕು ಎಂಜಲು ತಟ್ಟೆ. ಇದಕ್ಕೆ ಮನೆಯವರನ್ನು ಬೈದು ಪ್ರಯೋಜನವಿಲ್ಲ, ದೋಸೆಯ ಸ್ವಭಾವವೇ ಹಾಗೆ. ಅನ್ನ ಸಾರಾದರೆ ಬಡಿಸಿಕೊಂಡು ಎಲ್ಲರೂ ಕೂರಬಹುದು. ದೋಸೆ, ಪೂರಿ, ಬಜ್ಜಿಗಳು ಮಾತ್ರ ಮನೆಯಲ್ಲಿ ಒಬ್ಬರನ್ನು ಒಲೆಯ ಮುಂದೆ ನಿಲ್ಲಿಸಿಯೇ ತೀರುತ್ತವೆ.

"ಫ್ರಿಜ್ಜಿನಲ್ಲಿ ಹಿಟ್ಟಿದೆಯಲ್ಲ, ರಜೆ ದಿನ ಹೋಟೆಲಿಗೆ ಯಾಕೆ ದುಡ್ಡು ಸುರಿಯೋದು?" ಎಂದು ಕೇಳುವವರು ನಮ್ಮ ಮನೆಯಲ್ಲೂ ಇದ್ದಾರೆ. ಅವರಿಗೆ ನನ್ನ ಉತ್ತರ ಒಂದೇ: ಅಲ್ಲಿ ಐದು ದೋಸೆ ಒಟ್ಟಿಗೆ ಬರುತ್ತವೆ.

ಅದು ಹೇಗೆ ಬರುತ್ತದೆ ಎನ್ನುವುದನ್ನು ನೋಡಲೆಂದೇ ನಾನು ಅಡುಗೆಮನೆ ಕಾಣುವ ಕುರ್ಚಿ ಹಿಡಿಯುತ್ತೇನೆ. ಒಂದಾಳುದ್ದದ ದಪ್ಪ ಕಬ್ಬಿಣದ ಕಲ್ಲು. ಭಟ್ಟರು ಅದರ ಮೇಲೆ ಚೊಂಬಿನಿಂದ ನೀರು ಎರಚಿದರೆ ಚುಂಯ್ ಎಂದು ಆವಿ ಎದ್ದು ಅವರ ಮುಖವೇ ಮರೆಯಾಗುತ್ತದೆ. ಕಡ್ಡಿ ಪೊರಕೆಯಿಂದ ಆ ತುದಿಯಿಂದ ಈ ತುದಿಗೆ ಒಮ್ಮೆ ಗುಡಿಸುತ್ತಾರೆ. ಕಲ್ಲು ತೀರ ಕಾದಿದ್ದರೆ ಹಿಟ್ಟು ಹರಡುವುದಿಲ್ಲ, ಬಿದ್ದಲ್ಲೇ ಬೆಂದು ಕೂರುತ್ತದೆ. ಮೇಲ್ಮೈಯ ಕಾವು ಒಂದಿಷ್ಟು ಇಳಿಯಲಿ ಎಂದೇ ಆ ನೀರು. ಆಮೇಲೆ ಸಾಲಾಗಿ ಹಿಟ್ಟು, ಬಟ್ಟಲಿನ ತಳದಿಂದ ಒಂದೊಂದಕ್ಕೂ ಎರಡು ಮೂರು ಸುತ್ತು, ಮೇಲಿಂದ ತುಪ್ಪ, ನಡುವೆ ಪಲ್ಯದ ಉಂಡೆ. ಕೊನೆಯದಕ್ಕೆ ಪಲ್ಯ ಇಡುವಷ್ಟರಲ್ಲಿ ಮೊದಲನೆಯದು ಅಂಚು ಬಿಟ್ಟು ಮೇಲೆದ್ದಿರುತ್ತದೆ. ಮನೆಯ ತೆಳು ಕಾವಲಿಯಲ್ಲಿ ಒಂದು ದೋಸೆ ಎದ್ದರೆ ಕಾವು ಅರ್ಧಕ್ಕಿಳಿಯುತ್ತದೆ. ಆ ಕಲ್ಲಿಗೆ ಒಂದು ಸಾಲು ದೋಸೆ ಯಾವ ಲೆಕ್ಕಕ್ಕೂ ಇಲ್ಲ.

ಇನ್ನು ಅದನ್ನು ಮೇಜಿಗೆ ತರುವವರದು ಬೇರೆಯೇ ವಿದ್ಯೆ. ಗಾಂಧಿಬಜಾರಿನ ವಿದ್ಯಾರ್ಥಿ ಭವನಕ್ಕೆ ಹೋದವರೆಲ್ಲ ನೋಡಿರುತ್ತೀರಿ. 1943ರಲ್ಲಿ ಸುತ್ತಮುತ್ತಲ ವಿದ್ಯಾರ್ಥಿಗಳಿಗೆಂದು ಶುರುವಾಗಿ ಆ ಹೆಸರನ್ನೇ ಉಳಿಸಿಕೊಂಡ ಜಾಗ ಅದು. ಅಲ್ಲಿ ಬಡಿಸುವವರು ತಟ್ಟೆಯ ಮೇಲೆ ತಟ್ಟೆ ಪೇರಿಸಿ, ಬೆರಳ ತುದಿಯಿಂದ ಭುಜದವರೆಗೂ ದೋಸೆ ಹೊತ್ತು ಬರುತ್ತಾರೆ. ನನ್ನ ಮಗ ಚಿಕ್ಕವನಿದ್ದಾಗ ಒಂದಾದರೂ ಬೀಳಬಹುದೆಂದು ಕಾಯುತ್ತಿದ್ದ. ಬೀಳಲಿಲ್ಲ, ಅವನಿಗೆ ಬೇಜಾರಾಯಿತು. ನನಗೆ ಮಾತ್ರ ಆ ತೋಳು ಎಂದರೆ ಪೂಜ್ಯಭಾವ. ನಮ್ಮ ಮೇಜಿನ ಐದೂ ಜನರ ಮುಂದೆ ಒಂದೇ ಗಳಿಗೆಯಲ್ಲಿ ಬಿಸಿ ದೋಸೆ ಇಡುವ ಸಾಮರ್ಥ್ಯ ಅದರದು.

ಆದರೆ ಆ ಗಳಿಗೆ ತಲುಪುವ ಮೊದಲು ಸಾಕಷ್ಟು ತಪಸ್ಸಿದೆ. ಭಾನುವಾರ ಎಂಟೂವರೆ ದಾಟಿದರೆ ಬೆಂಗಳೂರಿನ ಯಾವ ಒಳ್ಳೆಯ ಹೋಟೆಲಿನಲ್ಲೂ ಕುರ್ಚಿ ಖಾಲಿ ಇರುವುದಿಲ್ಲ. ಹೆಸರು ಬರೆದುಕೊಂಡು ಕೂಗುವ ಕಡೆ ಪರವಾಗಿಲ್ಲ, ಫುಟ್‌ಪಾತಿನಲ್ಲಿ ನಿಂತು ಹೂವಿನ ವ್ಯಾಪಾರ ನೋಡಬಹುದು. ಕೂಗದ ಕಡೆ ತಿನ್ನುತ್ತಿರುವವರ ಕುರ್ಚಿಯ ಹಿಂದೆಯೇ ಹೋಗಿ ನಿಲ್ಲಬೇಕು. ಇದಕ್ಕೆ ಅನುಭವ ಬೇಕು. ಕಾಫಿ ಬಂದಿರುವ ಮೇಜನ್ನು ಆರಿಸಿಕೊಳ್ಳಬೇಕು, ಆದರೆ ಕಾಫಿ ಬಂದಿದೆಯೆಂದು ನಂಬುವ ಹಾಗೂ ಇಲ್ಲ. ವಾಕಿಂಗ್ ಮುಗಿಸಿ ಬಂದ ನಿವೃತ್ತರ ಗುಂಪಾದರೆ ಕಾಫಿಯ ನಂತರವೇ ಅವರ ಮಾತು ಶುರುವಾಗುವುದು. ಚಿಕ್ಕ ಮಕ್ಕಳಿರುವ ಮೇಜೂ ಬೇಡ, ಅಲ್ಲಿ ಒಂದು ಇಡ್ಲಿ ಅರ್ಧ ಗಂಟೆ ಬಾಳುತ್ತದೆ. ಗಂಡ ಹೆಂಡತಿ ಮಾತಾಡದೆ ತಿನ್ನುತ್ತಿದ್ದಾರೆಂದರೆ ಅದು ಬೇಗ ಖಾಲಿಯಾಗುವ ಮೇಜು. ಅಲ್ಲಿ ನಿಲ್ಲಿ.

ನಿಂತ ಮೇಲೆ ಅವರ ತಟ್ಟೆಯ ಕಡೆ ನೋಡಬಾರದು. ಗೋಡೆಯ ಮೇಲಿನ ದರಪಟ್ಟಿ ಓದುತ್ತಿರುವ ಹಾಗೆ ಇರಬೇಕು. ಕುಳಿತವರೂ ಅಷ್ಟೇ, ಹಿಂದೆ ಯಾರೂ ಇಲ್ಲವೆಂಬಂತೆ ತಿನ್ನುತ್ತಾರೆ. ನಮ್ಮ ಸರದಿ ಬಂದು, ನಮ್ಮ ಬೆನ್ನ ಹಿಂದೆ ಇನ್ನೊಂದು ಸಂಸಾರ ಬಂದು ನಿಂತಾಗ ನಾವು ಮಾಡುವುದೂ ಅದನ್ನೇ. ನಮ್ಮನೆಯವರಂತೂ ಆಗಲೇ "ಇನ್ನೊಂದು ಬೈಟೂ ಕಾಫಿ" ಎನ್ನುವುದು.

ಈ ಸಂಸಾರ ಸಮೇತ ಹೋಟೆಲಿಗೆ ಹೋಗುವುದು ಅಷ್ಟೇನೂ ಹಳೆಯ ರೂಢಿಯಲ್ಲ. ನಾನು ಚಿಕ್ಕವಳಿದ್ದಾಗ ಹಾಸನದ ಹೋಟೆಲುಗಳಲ್ಲಿ 'ಫ್ಯಾಮಿಲಿ ರೂಂ' ಇರುತ್ತಿತ್ತು. ಹಲಗೆಯ ಗೋಡೆ, ಮೊಣಕಾಲಿನಿಂದ ಎದೆಮಟ್ಟದವರೆಗಷ್ಟೇ ಮುಚ್ಚುವ ಎರಡು ರೆಕ್ಕೆಯ ಬಾಗಿಲು, ಒಳಗೆ ಒಂದು ಮೇಜು, ಗೋಡೆಯಲ್ಲಿ ಒತ್ತುವ ಗಂಟೆಯ ಗುಂಡಿ. ಹೊರಗಿನ ಹಾಲ್ ಗಂಡಸರದು. ಅಮ್ಮ ಆ ರೂಮಿನಲ್ಲೂ ಬಾಗಿಲಿಗೆ ಬೆನ್ನು ಹಾಕಿಯೇ ಕೂರುತ್ತಿದ್ದರು. ಯಾರಾದರೂ ಪರಿಚಯದವರು ಕಂಡರೆ "ಮನೇಲಿ ಒಲೆ ಹಚ್ಚಲಿಲ್ವೇನೋ ಅಂತಾರೆ". ಬಾಗಿಲ ಕೆಳಗೆ ಮಾಣಿಯ ಬರಿಗಾಲು ಬಂದು ನಿಂತದ್ದು ಕಂಡರೆ ಅಮ್ಮ ಮಾತು ನಿಲ್ಲಿಸುತ್ತಿದ್ದರು, ಅಪ್ಪ ಎಲ್ಲರ ಪರವಾಗಿ ಹೇಳುತ್ತಿದ್ದರು. ಅಮ್ಮನಿಗೆ ಏನು ಬೇಕು ಎಂದು ಆ ರೂಮಿನಲ್ಲಿ ಯಾರೂ ಕೇಳಿದ ನೆನಪು ನನಗಿಲ್ಲ.

ಈಗ ಆ ರೂಮುಗಳು ಹೋಗಿ 'ಫ್ಯಾಮಿಲಿ' ಬೋರ್ಡಿಗೆ ಬಂದಿದೆ. 'ಬಾರ್ ಅಂಡ್ ಫ್ಯಾಮಿಲಿ ರೆಸ್ಟೋರೆಂಟ್' ಎಂಬುದನ್ನು ನೀವು ಯಾವ ಹೆದ್ದಾರಿಯಲ್ಲಿ ಬೇಕಾದರೂ ಓದಬಹುದು. ಪಾಪ, ಆ ನಡುವಿನ 'ಅಂಡ್' ಹೊತ್ತಿರುವ ಭಾರ ದೊಡ್ಡದು.

ನಮ್ಮ ಅತ್ತೆ ಅಮ್ಮನ ಹಾಗಲ್ಲ. ಕೂತ ಕೂಡಲೇ "ನನಗೇನೂ ಬೇಡಪ್ಪ, ಎರಡು ಇಡ್ಲಿ ಸಾಕು" ಎಂದು ಘೋಷಿಸುತ್ತಾರೆ. ಮಾಣಿ "ಡಿಪ್ಪಾ, ಸಪರೇಟಾ ಅಜ್ಜಿ?" ಎಂದರೆ ಸಾಂಬಾರಿಗೆ ಈರುಳ್ಳಿ ಹಾಕಿದ್ದಾರೋ ಇಲ್ಲವೋ ಎಂಬ ವಿಚಾರಣೆ ಶುರು. ಹಾಕಿದ್ದಾರೆಂದು ತಿಳಿದ ಮೇಲೆ "ಇರಲಿ, ಸಪರೇಟ್ ಕೊಡು" ಎನ್ನುತ್ತಾರೆ. ಇಡ್ಲಿ ಬರುವ ಮೊದಲೇ ಮೊಮ್ಮಗಳ ವಡೆಯ ಒಂದು ಚೂರು, ಮಗನ ದೋಸೆಯ ಗರಿ ಅಂಚು, ನನ್ನ ಕೇಸರಿಬಾತಿನ ಗೋಡಂಬಿ, ಎಲ್ಲ 'ರುಚಿ ನೋಡಕ್ಕೆ' ಅವರ ತಟ್ಟೆ ಸೇರಿರುತ್ತವೆ. ಕೊನೆಗೆ ಎರಡನೆಯ ಇಡ್ಲಿ "ಹೊಟ್ಟೆ ತುಂಬ್ತು, ಯಾರಾದ್ರೂ ತಗೊಳ್ಳಿ". ನಿಜ ಹೇಳಬೇಕೆಂದರೆ ಹೋಟೆಲಿನಲ್ಲಿ ಅಚ್ಚುಕಟ್ಟಾಗಿ ತಿನ್ನಲು ಬಲ್ಲವರು ನಮ್ಮ ಮನೆಯಲ್ಲಿ ಅವರೊಬ್ಬರೇ.

ಎಂ.ಟಿ.ಆರ್.ಗೆ ಹೋದರೆ ಮಾತ್ರ ಅವರ ಇಡ್ಲಿ ರವೆ ಇಡ್ಲಿಯಾಗುತ್ತದೆ, ಆಗ ಪಾಲು ಯಾರಿಗೂ ಇಲ್ಲ. ಉಡುಪಿ ಕಡೆಯ ಕೋಟದಿಂದ ಬಂದ ಮಯ್ಯ ಸೋದರರು 1924ರಲ್ಲಿ ಶುರುಮಾಡಿದ ಹೋಟೆಲು. ಎರಡನೆಯ ಮಹಾಯುದ್ಧದ ಕಾಲಕ್ಕೆ ಅಕ್ಕಿ ಸಿಗದೆ ರವೆಯಲ್ಲಿ ಇಡ್ಲಿ ಮಾಡಿ ನೋಡಿದ್ದು ತಾವೇ ಎಂದು ಅವರು ಹೇಳಿಕೊಳ್ಳುತ್ತಾರೆ. ಮುಂದೆ ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ಹೋಟೆಲ್ ತಿಂಡಿಯ ಬೆಲೆಗೆ ಮಿತಿ ಹಾಕಿದಾಗ, ಆ ಬೆಲೆಗೆ ಆ ತುಪ್ಪ ಹಾಕಲು ಆಗದೆ ಹೋಟೆಲನ್ನೇ ಕೆಲಕಾಲ ಮುಚ್ಚಿದರು. ಆಗ ಕೈಹಿಡಿದದ್ದು ಮಿಕ್ಸ್ ಪೊಟ್ಟಣ. ಅದೇ ರವೆ ಇಡ್ಲಿಯ ಪೊಟ್ಟಣ ಈಗ ನಮ್ಮ ಅಡುಗೆಮನೆಯ ಡಬ್ಬದಲ್ಲೂ ಇದೆ, ಮಾಡಿದರೆ ಹೆಚ್ಚು ಕಡಿಮೆ ಅದೇ ರುಚಿ. ಆದರೂ ಅತ್ತೆಗೆ ಅಲ್ಲಿಗೇ ಹೋಗಬೇಕು. ಯಾಕೆಂದು ನಾನು ಕೇಳುವುದಿಲ್ಲ. ಎಷ್ಟೋ ವರ್ಷ ಒಂದು ದೊಡ್ಡ ಮನೆಗೆ ದೋಸೆ ಹೊಯ್ದು ಹಾಕಿದವರು ಅವರೂ.

ನಡುವೆ ದರ್ಶಿನಿಗಳು ಬಂದವು. 1983ರಲ್ಲಿ ಜಯನಗರದ ಕೆಫೆ ದರ್ಶಿನಿಯಿಂದ ಶುರುವಾದದ್ದು ಈಗ ಮೂಲೆಗೊಂದು. ಮೊದಲು ದುಡ್ಡು, ಆಮೇಲೆ ಟೋಕನ್, ಕೌಂಟರಿನಲ್ಲಿ ತಟ್ಟೆ, ಎತ್ತರದ ಮೇಜಿನ ಸುತ್ತ ನಿಂತು ತಿಂಡಿ. ಆಫೀಸಿಗೆ ಹೋಗುವವರಿಗೆ ಅದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ರಜೆ ದಿನಕ್ಕೆ ಅದು ಅಲ್ಲವೇ ಅಲ್ಲ. ಒಬ್ಬರು ಕ್ಯೂನಲ್ಲಿ, ಒಬ್ಬರು ಚಟ್ನಿಗೆ, ಒಬ್ಬರು ನೀರಿಗೆ, ಅತ್ತೆಗೆ ಕೂರಲು ಎಲ್ಲಿಂದಲೋ ಒಂದು ಸ್ಟೂಲು. ಟೋಕನ್ ಪ್ರಕಾರ ದೋಸೆ ಒಂದೊಂದಾಗಿ ಬರುತ್ತದೆ, ಕಾಯುತ್ತ ನಿಂತವಳು ಮತ್ತೆ ನಾನೇ. ಮನೆಯಲ್ಲಾದರೂ ಫ್ಯಾನ್ ಇತ್ತು.

ಮಕ್ಕಳು ಆರಿಸಿದ ದಿನ ರಾತ್ರಿ ಮಂದ ಬೆಳಕಿನ ಎ.ಸಿ. ರೆಸ್ಟೋರೆಂಟು. ಪುಸ್ತಕದಷ್ಟು ಮೆನು, ಕೊನೆಗೆ ಹೇಳುವುದು ಪ್ರತಿಸಲದ್ದೇ: ಒನ್ ಬೈ ಟು ಟೊಮ್ಯಾಟೊ ಸೂಪು, ಗೋಬಿ ಮಂಚೂರಿ, ಬಟರ್ ನಾನ್, ಪನೀರಿನದೊಂದು. 2024ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತಲ್ಲ, ಅದಾದ ಮೇಲೆ ಮೊದಲ ಸಲ ಬಂದ ಗೋಬಿ ಹೂಕೋಸಿನ ಬಣ್ಣದಲ್ಲೇ ಇತ್ತು. ಮಗಳು "ಇದು ಗೋಬಿ ಅಲ್ಲ" ಎಂದು ತಟ್ಟೆ ಸರಿಸಿದಳು. ಅವಳು ಹುಟ್ಟಿದಾಗಿನಿಂದ ಕಂಡ ಗೋಬಿ ಕೆಂಪಗಿದ್ದದ್ದು.

ನಮಗೆ ರಜೆಯಿರುವ ದಿನವೇ ಹೋಟೆಲಿನವರಿಗೆ ಬೆನ್ನು ಮುರಿಯುವ ದಿನ. ವಿದ್ಯಾರ್ಥಿ ಭವನ ಶುಕ್ರವಾರ ಮುಚ್ಚುತ್ತದೆ, ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ಸೋಮವಾರ. ಮೊದಲೆಲ್ಲ ಇದನ್ನು ಮರೆತು ಹೋಗಿ ಬಾಗಿಲ ಮುಂದೆ ಗೊಣಗುವವರನ್ನು ಕಂಡರೆ ನನಗೂ ಅಯ್ಯೋ ಎನಿಸುತ್ತಿತ್ತು. ಒಮ್ಮೆ ಬಡಿಸುವವರೊಬ್ಬರನ್ನು "ರಜೆ ದಿನ ಏನ್ ಮಾಡ್ತೀರಿ?" ಎಂದೆ. "ಮನೇಲಿ ಊಟ ಮಾಡ್ತೀನಮ್ಮ" ಎಂದರು. ತಮಾಷೆಯೋ ಏನೋ ಗೊತ್ತಾಗಲಿಲ್ಲ, ಅಷ್ಟರಲ್ಲಿ ಪಕ್ಕದ ಮೇಜಿನವರು ಚಟ್ನಿ ಕೂಗಿದರು.

ಇನ್ನುಳಿದದ್ದು ಬಿಲ್ಲು. ನಾವೈದೇ ಜನ ಇದ್ದರೆ ಅದೊಂದು ಸಮಸ್ಯೆಯಲ್ಲ. ಅಕ್ಕ-ಭಾವ ಜೊತೆಗಿದ್ದರೆ ಅದೊಂದು ಯುದ್ಧ. ಸೋಂಪಿನ ತಟ್ಟೆಯಲ್ಲಿ ಬಿಲ್ಲು ಬರುತ್ತಿದ್ದಂತೆ ಇಬ್ಬರು ಗಂಡಸರೂ ಎದ್ದು "ನಾನು, ನಾನು" ಎಂದು ಕೈ ಹಿಡಿದುಕೊಳ್ಳುವುದು, ಮಾಣಿ ಇಬ್ಬರ ಮುಖವನ್ನೂ ನೋಡುತ್ತ ನಿಲ್ಲುವುದು, ಅಕ್ಕ "ಹೋದ ಸಲ ನೀವೇ ಕೊಟ್ರಲ್ಲ" ಎನ್ನುವುದು. ಶೇಕಡಾ 5ರ ಜಿ.ಎಸ್.ಟಿ.ಯನ್ನು ಎರಡೂವರೆ, ಎರಡೂವರೆ ಎಂದು ಎರಡು ಸಾಲಿನಲ್ಲಿ ಯಾಕೆ ಹಾಕುತ್ತಾರೆಂದು ಅತ್ತೆ ಕೇಳುವುದೂ ಆಗಲೇ. ಭಾವ ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಕಾಫಿ ಬರುವ ಮೊದಲೇ "ಕೈ ತೊಳ್ಕೊಂಡ್ ಬರ್ತೀನಿ" ಎಂದು ಎದ್ದುಹೋಗಿ, ಕ್ಯಾಷ್ ಕೌಂಟರಿನಲ್ಲಿ ಮೊಬೈಲ್ ತೋರಿಸಿ, ದುಡ್ಡು ಕೊಟ್ಟು, ಏನೂ ಆಗದವರ ಹಾಗೆ ಬಂದು ಕೂರುವುದು. ಫೋನ್‌ಪೇ ಬಂದ ಮೇಲಂತೂ ಸದ್ದೂ ಇಲ್ಲ, ಸುದ್ದಿಯೂ ಇಲ್ಲ. ಮೋಸಹೋದ ನಮ್ಮನೆಯವರು ದಾರಿಯುದ್ದಕ್ಕೂ ಪೇಚಾಡುತ್ತಿದ್ದರು.

ಹೋದ ಯುಗಾದಿಯ ಮಾರನೆಯ ದಿನ ಒಂಬತ್ತು ಜನ ಹೋಗಿದ್ದೆವು. ಎರಡು ಸುತ್ತು ದೋಸೆ, ಪೂರಿ ಸಾಗು, ಮಕ್ಕಳಿಗೆ ಐಸ್‌ಕ್ರೀಮು. ಕಾಫಿಗೆ ಮುಂಚೆ ಭಾವ ಎಂದಿನಂತೆ ಎದ್ದರು. ನಮ್ಮನೆಯವರು ನನಗೆ ಕಣ್ಣು ಮಿಟುಕಿಸಿ, ಈ ಸಲವಾದರೂ ಬಿಡಬಾರದೆಂದು ಅರ್ಧ ಎದ್ದು, ಆಮೇಲೆ ಏನನ್ನಿಸಿತೋ, ಮತ್ತೆ ಕೂತು ನಿಧಾನವಾಗಿ ಕಾಫಿ ಆರಿಸಿಕೊಂಡರು. ಭಾವ ಬಂದರು. ಎಲ್ಲರೂ ಎದ್ದು ಬಾಗಿಲವರೆಗೂ ಹೋದೆವು. ಹಿಂದಿನಿಂದ ಮಾಣಿ ಬಿಲ್ಲು ಹಿಡಿದು ಓಡಿಬಂದ. ಭಾವ ಅವತ್ತು ನಿಜಕ್ಕೂ ಕೈ ತೊಳೆದುಕೊಂಡೇ ಬಂದಿದ್ದರು.