ಅಣೆಕಟ್ಟು ಒಡೆಯುವವರು ಮೊದಲು ಹೂಳಿನ ಲೆಕ್ಕ ಕೊಡಲಿ

ಅಮೆರಿಕದ ಕ್ಲಾಮತ್ ನದಿಗೆ ಅಡ್ಡಲಾಗಿದ್ದ ನಾಲ್ಕು ಅಣೆಕಟ್ಟುಗಳ ತೆರವು 2024ರಲ್ಲಿ ಮುಗಿಯಿತು. ಸ್ಫೋಟದ ವಿಡಿಯೊಗಳನ್ನು ಎಲ್ಲರೂ ಹಂಚಿಕೊಂಡೆವು. ಖುಷಿ ನನಗೂ ಇದೆ. ಆದರೆ ಗೋಡೆ ಒಡೆಯುವುದು ಆ ಕೆಲಸದಲ್ಲಿ ಸುಲಭದ ಪಾಲು. ಗೋಡೆಯ ಹಿಂದೆ ದಶಕಗಟ್ಟಲೆ ಕೂತ ಹೂಳನ್ನು ಏನು ಮಾಡುತ್ತೀರಿ, ಕೆಳಗಿನ ಜೀವಗಳನ್ನು ಹೇಗೆ ಉಳಿಸುತ್ತೀರಿ ಎಂಬುದಕ್ಕೆ ಉತ್ತರವಿಲ್ಲದೆ ಯಾವ ದೇಶದಲ್ಲೂ ಯಾರೂ ತೂಬು ಎತ್ತಬಾರದು.

ಹಿನ್ನೆಲೆ ಚಿಕ್ಕದಾಗಿ ಹೇಳುತ್ತೇನೆ. ಒರೆಗಾನ್‌ನಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದಲ್ಲಿ ಕಡಲು ಸೇರುವ ನದಿ ಇದು. 1918ರಿಂದ 1962ರೊಳಗೆ ವಿದ್ಯುತ್ತಿಗಾಗಿ ಈ ಅಣೆಕಟ್ಟುಗಳನ್ನು ಒಂದೊಂದಾಗಿ ಕಟ್ಟಿ ಮುಗಿಸಿದರು, ಮೊಟ್ಟೆ ಇಡಲು ಮೇಲೇರುವ ಸಾಲ್ಮನ್ ಮೀನಿನ ದಾರಿ ಮುಚ್ಚಿತು. 2002ರ ಸೆಪ್ಟೆಂಬರಿನಲ್ಲಿ ನೀರು ಇಳಿದು, ಬಿಸಿಯೇರಿ, ರೋಗ ಹರಡಿ ನದಿಯ ಕೆಳಭಾಗದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಮೀನು ಸತ್ತವು. ಆ ಮೀನನ್ನೇ ನಂಬಿ ಬದುಕಿದ ಯುರೊಕ್, ಕರುಕ್ ಮತ್ತಿತರ ಬುಡಕಟ್ಟುಗಳ ಹೋರಾಟ ಆಮೇಲೆ ನಿಲ್ಲಲೇ ಇಲ್ಲ.

ನೀರು ಖಾಲಿ ಮಾಡಲು ಶುರುಮಾಡಿದ್ದು 2024ರ ಜನವರಿಯಲ್ಲಿ. ಆ ತಿಂಗಳನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಆಗ ಬೆಳೆದ ಸಾಲ್ಮನ್‌ಗಳು ಬಹುಪಾಲು ಸಮುದ್ರದಲ್ಲಿರುತ್ತವೆ, ಚಳಿಗಾಲದ ಮಳೆಗೆ ನದಿ ಹೇಗೂ ರಾಡಿಯಾಗಿರುತ್ತದೆ. ಕೋಹೊ ಜಾತಿಯ ಮರಿಗಳು ಮಾತ್ರ ಆಗಲೂ ಸಿಹಿನೀರಿನಲ್ಲೇ ಇರುತ್ತವೆ. ಹಾಗಾಗಿ ನದಿಯಲ್ಲಿದ್ದ ಮರಿಗಳನ್ನು ಮೊದಲೇ ಹಿಡಿದು ಪಕ್ಕದ ಹೊಂಡಗಳಿಗೆ ಸಾಗಿಸಿದರು. ಇಲ್ಲಿನ ಹೂಳೂ ಬರೀ ಮಣ್ಣಲ್ಲ, ಸತ್ತು ತಳ ಸೇರಿದ ಪಾಚಿಯೇ ಅದರಲ್ಲಿ ಹೆಚ್ಚು. ಕದಡಿದರೆ ನೀರಿನ ಆಮ್ಲಜನಕವನ್ನು ಅದು ಹೀರಿಬಿಡುತ್ತದೆ. ಈ ಪೆಟ್ಟನ್ನು ವರ್ಷಗಟ್ಟಲೆ ಎಳೆಯದೆ ಆದಷ್ಟೂ ಒಂದೇ ಚಳಿಗಾಲದಲ್ಲಿ ಮುಗಿಸಲು ಹೊರಟಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ವಾಷಿಂಗ್ಟನ್ ರಾಜ್ಯದ ಎಲ್ವಾ ನದಿಯಲ್ಲಿ ಇದಕ್ಕೆ ಉಲ್ಟಾ. ಅಲ್ಲಿ 2011ರಿಂದ 2014ರವರೆಗೆ, ಮೀನು ಓಡಾಡುವ ಹೊತ್ತಿಗೆ ಕೆಲಸ ನಿಲ್ಲಿಸುತ್ತಾ, ಹಂತಹಂತವಾಗಿ ಕೆಡವಿದರು. ಅಲ್ಲಿನ ಹೂಳು ಬೇರೆ, ನದಿ ಬೇರೆ.

ನನ್ನ ಮನಸ್ಸು ಗೆದ್ದಿದ್ದು ಬೀಜದ ಕೆಲಸ. ನೀರು ಇಳಿದರೆ ಸುಮಾರು 2,200 ಎಕರೆ ಬೋಳು ಕೆಸರುಗದ್ದೆ ಎದ್ದು ನಿಲ್ಲುತ್ತದೆ, ಬಿಟ್ಟರೆ ಮೊದಲು ಬರುವುದು ಹೊರಗಿನ ಮುಳ್ಳುಕಳೆ ಎಂದು ಯೋಜನೆಯವರಿಗೆ ಗೊತ್ತಿತ್ತು. ಅದಕ್ಕೇ ವರ್ಷಗಳ ಮೊದಲೇ ಯುರೊಕ್ ಜನರೂ ಸೇರಿದ ತಂಡಗಳು ಸುತ್ತಲಿನ ಗುಡ್ಡಗಳಲ್ಲಿ ಸ್ಥಳೀಯ ಹುಲ್ಲು, ಹೂಗಿಡಗಳ ಬೀಜವನ್ನು ಕೈಯಲ್ಲೇ ಬಿಡಿಸಿ ತಂದವು. ಅದನ್ನು ಹೊಲಗಳಲ್ಲಿ ಬೆಳೆಸಿ ಸಾವಿರ ಕೋಟಿಗೂ ಮೀರಿದ ಬೀಜ ಮಾಡಿಕೊಂಡರು. ಕೆಸರು ಒಣಗಿ ಬಿರುಕು ಬಿಡುವ ಮುಂಚೆ, ಹಸಿಯಿರುವಾಗಲೇ ಚೆಲ್ಲಬೇಕು. ಹೆಜ್ಜೆಯಿಟ್ಟರೆ ಹೂತುಹೋಗುವಂಥ ಜಾಗ ಅದು, ಜಿಂಕೆಗಳೇ ಸಿಕ್ಕಿಕೊಂಡು ಸತ್ತಿವೆ. ಹಾಗಾಗಿ ಅಂಚಿನಲ್ಲಿ ಕೈಯಿಂದ, ಒಳಗೆ ಹೆಲಿಕಾಪ್ಟರಿನಿಂದ ಬಿತ್ತಿದರು. ಅದೇ ವಸಂತದಲ್ಲಿ ಹಳೆಯ ಕೆರೆತಳದಲ್ಲಿ ಹಸಿರೆದ್ದಿತು, ಕಿತ್ತಳೆ ಬಣ್ಣದ ಪಾಪಿ ಹೂ ಅರಳಿತು.

ಇಷ್ಟೆಲ್ಲ ಯೋಚಿಸಿದ ಮೇಲೂ ಅನಾಹುತ ಆಯಿತು. 2024ರ ಫೆಬ್ರವರಿ ಕೊನೆಯಲ್ಲಿ ಹೊಸ ಮೀನುಮರಿ ಕೇಂದ್ರದಿಂದ ಸುಮಾರು 8,30,000 ಚಿನೂಕ್ ಸಾಲ್ಮನ್ ಮರಿಗಳನ್ನು ಫಾಲ್ ಕ್ರೀಕ್ ಹಳ್ಳಕ್ಕೆ ಬಿಟ್ಟರು. ಆ ಹಳ್ಳ ನಾಲ್ಕರಲ್ಲಿ ಒಂದಾದ ಐರನ್ ಗೇಟ್ ಅಣೆಕಟ್ಟಿನ ಮೇಲ್ಗಡೆಯದು, ಮರಿಗಳು ಕೆಳಗಿಳಿಯಲು ಅಣೆಕಟ್ಟಿನ ಸುರಂಗ ದಾಟಲೇಬೇಕಿತ್ತು. ಒತ್ತಡದ ಏರುಪೇರಿಗೆ ಮರಿಗಳ ಮೈಯೊಳಗೆ ಗಾಳಿಗುಳ್ಳೆ ಎದ್ದು ಭಾರಿ ಸಂಖ್ಯೆಯಲ್ಲಿ ಸತ್ತವು. ಕೊಂದದ್ದು ಕೆಸರಲ್ಲ, ಸುರಂಗ. ಮುಂದಿನ ಮರಿಗಳನ್ನು ಅಣೆಕಟ್ಟಿನ ಕೆಳಗೇ ಬಿಟ್ಟರು. ಮೊದಲೇ ಹಾಗೆ ಮಾಡಬಹುದಿತ್ತಲ್ಲ ಎಂದು ಹೊಟ್ಟೆ ಉರಿಯುತ್ತದೆ. ಆದರೆ ಕ್ಯಾಲಿಫೋರ್ನಿಯಾದ ಮೀನು ಮತ್ತು ವನ್ಯಜೀವಿ ಇಲಾಖೆ ಸಂಗತಿ ಮುಚ್ಚಿಡದೆ ಕಾರಣ ಸಮೇತ ಜನರ ಮುಂದಿಟ್ಟಿತು. ಅಷ್ಟಾದರೂ ಮಾಡಿದರು.

ಅಕ್ಟೋಬರ್ ಹೊತ್ತಿಗೆ, 1912ರಿಂದ ಕಾಣದಿದ್ದ ಸಾಲ್ಮನ್ ಒರೆಗಾನ್‌ನ ಉಪನದಿಯಲ್ಲಿ ಮತ್ತೆ ಕಂಡಿತು. ಸುದ್ದಿ ಓದಿ ಕಣ್ಣು ತುಂಬಿ ಬಂತು. ತೆರವು ಯೋಜನೆಗೆ ಮೀಸಲಿಟ್ಟಿದ್ದು ಸುಮಾರು 45 ಕೋಟಿ ಡಾಲರ್. ಬೀಜ, ಹೊಂಡ, ನೀರಿನ ತಪಾಸಣೆ ಎಲ್ಲ ಅದರಲ್ಲೇ ಆಗಬೇಕು. ಗೋಡೆ ಬಿದ್ದ ಕೂಡಲೇ ಕಡತ ಮುಚ್ಚಿಬಿಟ್ಟರೆ ಅರ್ಧ ಕೆಲಸವೂ ಆದಂತಲ್ಲ. ಮೇಲ್ಗಡೆ ಕೀನೋ, ಲಿಂಕ್ ರಿವರ್ ಅಣೆಕಟ್ಟುಗಳು ಇನ್ನೂ ನಿಂತಿವೆ. ಮೀನು ಹತ್ತಲು ಅಲ್ಲಿ ಏಣಿಗಳೇನೋ ಇವೆ, ಆದರೆ ಕೀನೋದ ಹಳೆಯ ಏಣಿಯನ್ನು ಸಾಲ್ಮನ್‌ಗೆ ಹೊಂದುವಂತೆ ಸರಿಮಾಡಬೇಕು. ಅದಕ್ಕೆ ದುಡ್ಡು ಈಗಲೇ ಎತ್ತಿಡಬೇಕು.