ಪಾಸ್‌ವರ್ಡ್ ಸರಿಯಾಗೇ ಇದೆ ಸ್ವಾಮಿ, ಒಳಗೆ ಬಿಡಿ

"ಪರ್ಮಿಷನ್ ಡಿನೈಡ್, ಪ್ಲೀಸ್ ಟ್ರೈ ಅಗೇನ್."

ಮತ್ತೆ ಪ್ರಯತ್ನಿಸಬೇಕಂತೆ. ಏನನ್ನು ಪ್ರಯತ್ನಿಸಲಿ? ಪಾಸ್‌ವರ್ಡ್ ಸರಿಯಾಗಿದೆ. ಪಕ್ಕದ ಮಷೀನ್‌ನಲ್ಲಿ ಅದನ್ನೇ ಹಾಕಿ ಈಗಷ್ಟೇ ಒಳಗೆ ಹೋಗಿ ಬಂದೆ. ನೆಟ್‌ವರ್ಕ್ ಇದೆ, ಸರ್ವರ್ ಎದ್ದಿದೆ. ಆದರೂ ಈ ಹೊಸ ಲಿನಕ್ಸ್ ಮಷೀನ್ ನನ್ನನ್ನು ಒಳಗೆ ಬಿಡುವುದಿಲ್ಲ. ಬಿಡದಿದ್ದರೆ ಹೋಗಲಿ, ಯಾಕೆ ಬಿಡುವುದಿಲ್ಲ ಅಂತ ಬಾಯಿಬಿಟ್ಟು ಹೇಳುವುದೂ ಇಲ್ಲ. ನನ್ನ ಸಿಟ್ಟೆಲ್ಲ ಈ ಎರಡನೆಯದರ ಮೇಲೆ.

ಕೆಲಸ ಕೇಳೋದಕ್ಕೆ ಸಣ್ಣದು. ಆಫೀಸಿನಲ್ಲಿ ಒಂದಷ್ಟು ಲಿನಕ್ಸ್ ಮಷೀನ್‌ಗಳಿವೆ. ಪ್ರತಿಯೊಂದರಲ್ಲೂ ಎಲ್ಲರಿಗೂ ಬೇರೆ ಬೇರೆ ಅಕೌಂಟ್ ಮಾಡುತ್ತಾ ಕೂರುವುದು ಬೇಡ. ಹೆಸರು, ಪಾಸ್‌ವರ್ಡ್ ಎಲ್ಲ ಒಂದೇ ಸರ್ವರ್‌ನಲ್ಲಿ ಇರಲಿ, ಯಾವ ಮಷೀನ್ ಮುಂದೆ ಕೂತರೂ ಅದೇ ನಡೆಯಲಿ. ಹಳೇ ಮಷೀನ್‌ಗಳಲ್ಲಿ ಇದು ಆಗಲೇ ಇದೆ. ಹೊಸದಾಗಿ ಬಂದ ಮಷೀನ್‌ಗೂ ಅದೇ ಸೆಟ್ಟಿಂಗ್ ಹಾಕಬೇಕು, ಅಷ್ಟೇ. "ಲಾಗಿನ್ ತಾನೇ, ಅದಕ್ಕೆ ಯಾಕ್ರೀ ಇಷ್ಟು ಹೊತ್ತು?" ಅಂತ ಮೇಲಿನವರು ಕೇಳಿದರು. ಕೇಳುವವರಿಗೇನು.

ಈ ಒಂದು ಲಾಗಿನ್ ಹಿಂದೆ ಎಷ್ಟು ಕೈಗಳಿವೆ ಗೊತ್ತಾ? "ಈ ಹೆಸರಿನವರು ಇದ್ದಾರಾ, ಅವರ ನಂಬರ್ ಎಷ್ಟು, ಯಾವ ಗುಂಪಿನವರು" ಅಂತ ಕೇಳೋದು ಎನ್‌ಎಸ್‌ಎಸ್. "ಪಾಸ್‌ವರ್ಡ್ ಸರಿಯಾ, ಒಳಗೆ ಬಿಡಬಹುದಾ" ಅಂತ ಕೇಳೋದು ಪ್ಯಾಮ್. ಇವೆರಡಕ್ಕೂ ಉತ್ತರ ತಂದುಕೊಡುವುದು ಎಸ್‌ಎಸ್‌ಎಸ್‌ಡಿ ಅನ್ನೋ ಸರ್ವೀಸ್. ಅದು ಆ ಉತ್ತರವನ್ನು ಎಲ್ಲರ ವಿವರ ಇಟ್ಟಿರುವ ಸರ್ವರ್‌ನಿಂದ, ಎಲ್‌ಡ್ಯಾಪ್ ಅನ್ನೋ ಭಾಷೆಯಲ್ಲಿ ಕೇಳಿ ತರುತ್ತದೆ. ಅದರ ಮಧ್ಯೆ ಮಾತನ್ನು ಗುಟ್ಟಾಗಿಡುವ ಟಿಎಲ್‌ಎಸ್, ಸರ್ವರ್‌ನ ಗುರುತಿನ ಚೀಟಿಯಾದ ಸರ್ಟಿಫಿಕೇಟ್, ಹೆಸರಿನಿಂದ ವಿಳಾಸ ಹುಡುಕುವ ಡಿಎನ್‌ಎಸ್. ಇವೆಲ್ಲ ಒಂದೇ ಕಡೆ ಕೂತು ಯೋಚಿಸಿ ಮಾಡಿದ್ದಲ್ಲ. ಎಲ್‌ಡ್ಯಾಪ್ ಮಿಚಿಗನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು, ಅದರ ಮೊದಲ ಆರ್‌ಎಫ್‌ಸಿ, ಅಂದರೆ ಇಂಟರ್ನೆಟ್‌ನ ರೀತಿನೀತಿ ಬರೆದಿಡುವ ದಾಖಲೆ, ಬಂದದ್ದು 1993ರಲ್ಲಿ. ಪ್ಯಾಮ್ ಅನ್ನು 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನವರು ಮುಂದಿಟ್ಟರು. ಯೂನಿಕ್ಸ್ ಅಕೌಂಟ್‌ಗಳ ವಿವರವನ್ನು ಎಲ್‌ಡ್ಯಾಪ್ ಒಳಗೆ ಹೇಗೆ ಇಡಬೇಕು ಅಂತ ಹೇಳುವ ಆರ್‌ಎಫ್‌ಸಿ 2307 ಬಂದದ್ದು 1998ರಲ್ಲಿ. ಅದರ ತಲೆಯ ಮೇಲೆ ಇವತ್ತಿಗೂ "ಪ್ರಾಯೋಗಿಕ" ಅಂತಲೇ ಬರೆದಿದೆ! ಅಷ್ಟೊಂದು ಆಫೀಸುಗಳ ಲಾಗಿನ್ ನಿಂತಿರುವುದು ಒಂದು ಪ್ರಯೋಗದ ಮೇಲೆ.

ಹೀಗೆ ಬೇರೆ ಬೇರೆ ಕಾಲದ, ಬೇರೆ ಬೇರೆ ಮನೆಯ ತುಂಡುಗಳು. ಒಂದರ ಕಷ್ಟ ಇನ್ನೊಂದಕ್ಕೆ ಗೊತ್ತಾಗುವುದಿಲ್ಲ. ಯಾವುದು ಕೆಟ್ಟರೂ ಕೊನೆಗೆ ಸ್ಕ್ರೀನ್ ಮೇಲೆ ಬರುವುದು ಅದೇ ಒಂದು ಸಾಲು.

ಹೌದು, ಅದಕ್ಕೊಂದು ಕಾರಣ ಇದೆ, ನನಗೂ ಗೊತ್ತು. ಹೆಸರು ತಪ್ಪಾ, ಪಾಸ್‌ವರ್ಡ್ ತಪ್ಪಾ ಅಂತ ಹೊರಗಿನವನಿಗೆ ಹೇಳಬಾರದು. ಹೇಳಿದರೆ ಯಾವ ಹೆಸರುಗಳು ನಿಜ ಅಂತ ಅವನು ಒಂದೊಂದಾಗಿ ತಿಳಿದುಕೊಳ್ಳುತ್ತಾನೆ. ಅದಕ್ಕೇ ಇಲ್ಲದ ಹೆಸರು ಕೊಟ್ಟರೂ ದೂರದಿಂದ ಲಾಗಿನ್ ಮಾಡಿಸುವ ಎಸ್‌ಎಸ್‌ಎಚ್ ಪಾಸ್‌ವರ್ಡ್ ಕೇಳುವ ನಾಟಕ ಮಾಡುತ್ತದೆ. ಒಪ್ಪಿದೆ. ಆದರೆ ರೂಟ್ ಆಗಿ, ಅಂದರೆ ಮಷೀನ್‌ನ ಪೂರ್ತಿ ಅಧಿಕಾರ ಹಿಡಿದು ಕೂತಿರುವ ನನಗೂ ಹೇಳಬಾರದಾ? ನನ್ನಿಂದ ಏನು ಮುಚ್ಚಿಡುವುದಿದೆ?

ನಡೆದದ್ದನ್ನೆಲ್ಲ ಬರೆದಿಡುವ ಲಾಗ್ ತೆರೆದೆ. ಅಲ್ಲಿ "ಇನ್‌ವ್ಯಾಲಿಡ್ ಯೂಸರ್" ಅಂತ ಇತ್ತು. ಅಂದರೆ ನಾನು ಅನ್ನುವವನೇ ಇಲ್ಲವಂತೆ. ಪಕ್ಕದ ಮಷೀನ್‌ಗೆ ನಾನು ಇದ್ದೇನೆ, ಇದಕ್ಕೆ ಇಲ್ಲ.

ಇಷ್ಟಾದ ಮೇಲೆ ಸಲಹೆಗಾರರು ಶುರುವಾದರು. ಎಲ್ಲರದ್ದೂ ಒಂದೇ ಮಾತು, "ಪ್ಯಾಮ್ ಫೈಲ್ ನೋಡು". ಲಾಗಿನ್ ವಿಷಯ ಬಂದರೆ ಮೊದಲ ಅನುಮಾನ ಯಾವಾಗಲೂ ಪ್ಯಾಮ್ ಮೇಲೆಯೇ, ಅದಕ್ಕೆ ಅದರ ಯೋಗ್ಯತೆಯೂ ಕಾರಣ. ಎಸ್‌ಎಸ್‌ಎಸ್‌ಡಿ ಸೇರಿಸಿರುವ ಡೆಬಿಯನ್, ಉಬುಂಟು ತರದ ಲಿನಕ್ಸ್‌ಗಳಲ್ಲಿ ಪ್ಯಾಮ್‌ನ ಕಾಮನ್-ಆಥ್ ಫೈಲ್ ಒಮ್ಮೆ ನೋಡಿ. "ಸಕ್ಸೆಸ್=2" ಅಂತ ಒಂದು ಸಾಲಿದೆ. ಅರ್ಥ ಏನು? ಇಲ್ಲಿ ಪಾಸ್ ಆದರೆ ಕೆಳಗಿನ ಎರಡು ಸಾಲು ಹಾರಿ ಮುಂದೆ ಹೋಗು. ಸಾಲು ಎಣಿಸಿ ಹಾರಬೇಕು! ಯಾರಾದರೂ ಮಧ್ಯೆ ಒಂದು ಸಾಲು ಸೇರಿಸಿ ಈ ಸಂಖ್ಯೆ ಬದಲಿಸದೇ ಬಿಟ್ಟರೆ, ಸರಿಯಾದ ಪಾಸ್‌ವರ್ಡ್ ಕೊಟ್ಟವನು ಎರಡು ಸಾಲು ಹಾರಿ ನೇರವಾಗಿ "ಪ್ಯಾಮ್ ಡಿನೈ" ಅನ್ನೋ ನಿರಾಕರಣೆಯ ಸಾಲಿನ ಮೇಲೆ ಬೀಳುತ್ತಾನೆ. ಪಾಸ್‌ವರ್ಡ್ ಸರಿ ಇದ್ದದ್ದಕ್ಕೇ ಹೊರಗೆ. ಇನ್ನು ಆ ಡಿನೈ ಸಾಲನ್ನೇ ಯಾರಾದರೂ ಅಳಿಸಿದರೆ, ತಪ್ಪು ಪಾಸ್‌ವರ್ಡ್‌ನವರೂ ಕೆಳಗಿನ "ಪರ್ಮಿಟ್" ಸಾಲಿಗೆ ಇಳಿದು ಆರಾಮಾಗಿ ಒಳಗೆ ಬರುತ್ತಾರೆ. ಯಾರಿಗೆ ರೂಟ್ ಅಧಿಕಾರ ಅಂತ ಹೇಳುವ ಸುಡೋ ಫೈಲ್ ತಿದ್ದಲು ವಿಸುಡೋ ಇದೆ, ತಪ್ಪಿದ್ದರೆ ಉಳಿಸುವ ಮುಂಚೆಯೇ ಎಚ್ಚರಿಸುತ್ತದೆ. ಪ್ಯಾಮ್ ಫೈಲ್ ಉಳಿಸಿದರೆ ಮುಂದಿನ ಲಾಗಿನ್‌ನಿಂದಲೇ ಜಾರಿ. ಕೇಳುವವರಿಲ್ಲ. ಅದಕ್ಕೇ ಈ ಕೆಲಸ ಮಾಡುವವರು ಇನ್ನೊಂದು ಟರ್ಮಿನಲ್‌ನಲ್ಲಿ ರೂಟ್ ಆಗಿ ಕೂತೇ ಪ್ಯಾಮ್ ಮುಟ್ಟುತ್ತಾರೆ. ಆ ಟರ್ಮಿನಲ್ ಮುಚ್ಚಿದರೆ ಕಥೆ ಮುಗಿದಂತೆ.

ನೋಡಿದೆ. ಪ್ಯಾಮ್ ಸರಿಯಾಗೇ ಇತ್ತು. ಅಷ್ಟು ಹೊತ್ತು ದಂಡ.

ಇನ್ನೊಬ್ಬರು "ಟೈಮ್ ನೋಡು" ಅಂದರು. ಅದು ಕರ್ಬರೋಸ್, ಅಂದರೆ ಟಿಕೆಟ್ ತೋರಿಸಿ ಒಳಗೆ ಹೋಗುವ ಪದ್ಧತಿ, ಇರುವ ಕಡೆಯ ರೋಗ. ಅಲ್ಲಿ ಸರ್ವರ್‌ಗೂ ಮಷೀನ್‌ಗೂ ಗಡಿಯಾರದಲ್ಲಿ 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಸಾಮಾನ್ಯವಾಗಿ ಟಿಕೆಟ್ ಸಿಗುವುದಿಲ್ಲ. ಟಿಕೆಟ್ ಕೇಳುವ ಕೆಇನಿಟ್ ಕಮಾಂಡ್ ಅನ್ನು ಕೈಯಾರೆ ಓಡಿಸಿದರೆ "ಗಡಿಯಾರ ಸರಿಯಿಲ್ಲ" ಅಂತ ಅದು ನೇರವಾಗಿ ಹೇಳುತ್ತದೆ, ಪಾಪ. ಅದೇ ತಪ್ಪು ಲಾಗಿನ್ ಸ್ಕ್ರೀನ್‌ವರೆಗೆ ಬರುವಷ್ಟರಲ್ಲಿ ಮಾತು ಬದಲಾಗಿ ಮತ್ತೆ ಪಾಸ್‌ವರ್ಡ್ ಮೇಲೆ ಗೂಬೆ ಕೂರುತ್ತದೆ. ನಮ್ಮಲ್ಲಿ ಕರ್ಬರೋಸ್ ಇಲ್ಲ, ಪುಣ್ಯ.

ಉಳಿದದ್ದು ಎಸ್‌ಎಸ್‌ಎಸ್‌ಡಿ. ಇದರ ಲೀಲೆಗಳೇ ಬೇರೆ. ಇದರ ಕಾನ್ಫಿಗ್ ಫೈಲ್ ಯಾರು ಬೇಕಾದರೂ ಓದುವಂತಿದ್ದರೆ ಸರ್ವೀಸ್ ಏಳುವುದೇ ಇಲ್ಲ. ಇರಲಿ, ಅದು ನ್ಯಾಯ. "ಗೆಟೆಂಟ್ ಪಾಸ್‌ಡಬ್ಲ್ಯುಡಿ" ಅಂತ ಬಳಕೆದಾರರ ಪಟ್ಟಿ ಕೇಳುವ ಕಮಾಂಡ್ ಸುಮ್ನೆ ಹೊಡೆದರೆ ಸರ್ವರ್‌ನಲ್ಲಿರುವ ಒಬ್ಬರ ಹೆಸರೂ ಬರುವುದಿಲ್ಲ, ಎಲ್ಲ ಸರಿ ಇದ್ದಾಗಲೂ ಬರುವುದಿಲ್ಲ. ಪಟ್ಟಿ ಕೊಡುವುದನ್ನು ಮೊದಲಿನಿಂದಲೇ ಆಫ್ ಮಾಡಿಟ್ಟಿರುತ್ತಾರೆ. ಒಬ್ಬರ ಹೆಸರು ಹಾಕಿ ಕೇಳಿದರೆ ಮಾತ್ರ ಉತ್ತರ. ಇದು ಗೊತ್ತಿಲ್ಲದೆ ಸರಿ ಇರುವ ಸೆಟ್ಟಿಂಗ್ ಕೆಡಿಸಿಕೊಂಡವರು ಎಷ್ಟು ಜನರೋ. ಇನ್ನು ಕ್ಯಾಶ್, ಅಂದರೆ ಒಮ್ಮೆ ತಂದದ್ದನ್ನು ತನ್ನ ಹತ್ತಿರವೇ ಇಟ್ಟುಕೊಳ್ಳುವ ಅಭ್ಯಾಸ. ಒಮ್ಮೆ ತಂದ ವಿವರವನ್ನು 5400 ಸೆಕೆಂಡ್, ಅಂದರೆ ಒಂದೂವರೆ ಗಂಟೆ, ತಾಜಾ ಅಂತಲೇ ನಂಬಿಕೊಂಡಿರುತ್ತದೆ. ಹೆಸರು ಸಿಗದಿದ್ದರೆ "ಸಿಗಲಿಲ್ಲ" ಅನ್ನೋದನ್ನೂ ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದೆ. ನೀವು ತಪ್ಪು ಸರಿಮಾಡಿ ತಕ್ಷಣ ಪರೀಕ್ಷಿಸಿದರೆ ಹಳೇ ಉತ್ತರವೇ ಬರಬಹುದು. ಆಗ ಸರಿಮಾಡಿದ್ದನ್ನು ಮತ್ತೆ ಕೆಡಿಸುತ್ತೀರಿ. ಯಾರ ತಪ್ಪು?

ಲಾಗ್? ಇದೆ, ಧಾರಾಳವಾಗಿದೆ. ಎನ್‌ಎಸ್‌ಎಸ್‌ಗೊಂದು, ಪ್ಯಾಮ್‌ಗೊಂದು, ಡೊಮೇನ್‌ಗೊಂದು ಬೇರೆ ಬೇರೆ ಫೈಲ್. ಮೊದಲು ನೋಡಿದರೆ ಹೆಚ್ಚೇನೂ ಇರುವುದಿಲ್ಲ. ಎಷ್ಟು ವಿವರ ಬರೆಯಬೇಕು ಅನ್ನೋ ಡೀಬಗ್ ಲೆವೆಲ್ ಅನ್ನು 9ಕ್ಕೆ ಏರಿಸಿದರೆ ಒಂದೇ ಲಾಗಿನ್‌ಗೆ ಸಾಲು ಸಾಲು ಸುರಿಯುತ್ತದೆ. ಒಂದೋ ಮೌನ, ಇಲ್ಲವೇ ಪ್ರವಾಹ. ಮಧ್ಯದ ದಾರಿ ಇವರಿಗೆ ಗೊತ್ತೇ ಇಲ್ಲ. ಆ ಪ್ರವಾಹದಲ್ಲಿ ಕೈಯಾಡಿಸಿದಾಗ ಸಿಕ್ಕಿದ್ದು ಇದು: "ಕಾಂಟ್ ಕಾಂಟ್ಯಾಕ್ಟ್ ಎಲ್‌ಡ್ಯಾಪ್ ಸರ್ವರ್."

ಸರ್ವರ್ ಸಿಗುತ್ತಿಲ್ಲವಂತೆ. ಪಿಂಗ್ ಮಾಡಿದೆ, ಬರುತ್ತಿದೆ. ಎಲ್‌ಡ್ಯಾಪ್ ಟಿಎಲ್‌ಎಸ್ ಮೇಲೆ ಮಾತಾಡುವ ಬಾಗಿಲು, ಪೋರ್ಟ್ 636, ತೆರೆದಿದೆ. ಸರ್ವರ್ ಹೆಸರು ಸರಿಯಾದ ಐಪಿ ವಿಳಾಸಕ್ಕೇ ಹೋಗುತ್ತಿದೆ. ಫೈರ್‌ವಾಲ್ ತಂಡದವರನ್ನು ಎಬ್ಬಿಸಿದೆ. ಅವರು "ನಮ್ಮ ಕಡೆಯಿಂದ ಏನೂ ತಡೆ ಇಲ್ಲ" ಅಂದರು. ಅವರು ಯಾವಾಗಲೂ ಹಾಗೇ ಅನ್ನುತ್ತಾರೆ, ಆದರೆ ಈ ಸಲ ಅದು ನಿಜವಾಗಿತ್ತು.

ಕೊನೆಗೆ ಓಪನ್‌ಎಸ್‌ಎಸ್‌ಎಲ್ ಕಮಾಂಡ್ ಹಿಡಿದು ಸರ್ವರ್ ಕೊಡುತ್ತಿರುವ ಸರ್ಟಿಫಿಕೇಟ್ ತೆರೆದು ಓದಿದೆ. ಸರ್ವರ್ ನೋಡಿಕೊಳ್ಳುವ ತಂಡ ಯಾವಾಗಲೋ ಅದನ್ನು ಹೊಸದು ಮಾಡಿದೆ. ನಮ್ಮ ಮಷೀನ್‌ಗಳು ಯಾವ ಹೆಸರಿನಿಂದ ಸರ್ವರ್ ಅನ್ನು ಕರೆಯುತ್ತವೋ ಆ ಹೆಸರೇ ಹೊಸ ಸರ್ಟಿಫಿಕೇಟ್‌ನಲ್ಲಿ ಇಲ್ಲ. ಯಾರಿಗೂ ಒಂದು ಮಾತು ಹೇಳಿಲ್ಲ. ಹೆಸರು ಹೊಂದದ ಕಾರಣ ಮಷೀನ್ ಮಾತು ನಿಲ್ಲಿಸಿದೆ. ನಿಲ್ಲಿಸಿದ್ದು ಸರಿಯೇ. ಆದರೆ ಸರ್ವರ್ ಸಿಕ್ಕಿದೆ, ಕೈಕುಲುಕಿದೆ, ಸರ್ಟಿಫಿಕೇಟ್ ಓದಿದೆ, ಹೆಸರು ನೋಡಿ ಬೇಡ ಅಂದಿದೆ. ಇಷ್ಟೆಲ್ಲ ಆದಮೇಲೂ ನನಗೆ ಹೇಳೋದು "ಸರ್ವರ್ ಸಿಗಲಿಲ್ಲ" ಅಂತ! ಇದು ಸುಳ್ಳಲ್ಲದೆ ಮತ್ತೇನು? "ಸರ್ಟಿಫಿಕೇಟ್‌ನಲ್ಲಿರುವ ಹೆಸರು ಬೇರೆ" ಅಂತ ಒಂದು ಸಾಲು ಬರೆದಿದ್ದರೆ ನನ್ನ ದಿನ ಉಳಿಯುತ್ತಿತ್ತು. ಆ ಮಾಹಿತಿ ಪ್ರೋಗ್ರಾಂ ಕೈಯಲ್ಲೇ ಇತ್ತು. ಬೇಕಂತಲೇ ನುಂಗಿಕೊಂಡಿತು.

ಈ ಹಂತದಲ್ಲಿ ಒಬ್ಬರು ಬಂದು ಬುದ್ಧಿವಂತಿಕೆ ಹೇಳಿದರು. "ರೆಕ್‌ಸರ್ಟ್ ನೆವರ್, ಅಂದರೆ ಸರ್ಟಿಫಿಕೇಟ್ ನೋಡಲೇಬೇಡ ಅಂತ ಹಾಕಿಬಿಡಿ, ಆಗುತ್ತೆ." ಆಗುತ್ತೆ, ನಿಜ. ಬೀಗ ಸರಿಯಾಗಿ ಬೀಳುತ್ತಿಲ್ಲ ಅಂತ ಬಾಗಿಲನ್ನೇ ಕಿತ್ತಿಟ್ಟ ಹಾಗೆ. ಆಮೇಲೆ ನಡುವೆ ಯಾರು ಬೇಕಾದರೂ ಸರ್ವರ್ ವೇಷ ಹಾಕಿ ಎಲ್ಲರ ಪಾಸ್‌ವರ್ಡ್ ತೆಗೆದುಕೊಳ್ಳಬಹುದು. ಈ ಸಲಹೆ ಎಲ್ಲೆಲ್ಲೂ ಸಿಗುತ್ತದೆ, ಎಷ್ಟು ಮಷೀನ್‌ಗಳಲ್ಲಿ ಇದು ಹಾಗೇ ಉಳಿದುಬಿಟ್ಟಿದೆಯೋ. ತಮಾಷೆ ಅಂದರೆ ಅದನ್ನು ಎಲ್ಲಿ ಹಾಕಬೇಕು ಅನ್ನೋದೇ ಗೊಂದಲ. ಎಲ್‌ಡ್ಯಾಪ್ ಡಾಟ್ ಕಾನ್ಫ್ ಅನ್ನೋ ಫೈಲ್ ಡೆಬಿಯನ್‌ನಲ್ಲಿ ಒಂದು ಜಾಗದಲ್ಲಿ, ಫೆಡೋರಾದಲ್ಲಿ ಇನ್ನೊಂದು ಜಾಗದಲ್ಲಿ. ಹಳೇ ಪ್ಯಾಮ್ ಎಲ್‌ಡ್ಯಾಪ್ ಕಾಲದ, ಅದೇ ಹೆಸರಿನ, ಆದರೆ ಬೇರೆಯದೇ ಆದ ಇನ್ನೊಂದು ಫೈಲ್ ಮತ್ತೊಂದು ಕಡೆ. ಎಸ್‌ಎಸ್‌ಎಸ್‌ಡಿ ತನ್ನದೇ ಬೇರೆ ಆಯ್ಕೆ ಇಟ್ಟುಕೊಂಡಿದೆ. ತಪ್ಪು ಫೈಲ್‌ನಲ್ಲಿ ಬರೆದರೆ ಯಾರೂ ಏನೂ ಅನ್ನುವುದಿಲ್ಲ, ಓದುವುದೂ ಇಲ್ಲ.

ಈಗ ನಿಜವಾದ ಪ್ರಶ್ನೆಗೆ ಬನ್ನಿ. ಸರ್ವರ್ ಸರ್ಟಿಫಿಕೇಟ್ ಹಾಳಾಗಿದ್ದರೆ ಹಳೇ ಮಷೀನ್‌ಗಳು ಹೇಗೆ ನಡೆಯುತ್ತಿದ್ದವು? "ಬೇರೆ ಕಡೆ ಎಲ್ಲ ಸರಿಯಿದೆಯಲ್ರೀ, ನಿಮ್ಮ ಹೊಸ ಮಷೀನ್‌ದೇ ತೊಂದರೆ" ಅಂತ ತಾನೇ ಎಲ್ಲರೂ ನನ್ನ ತಲೆ ತಿಂದದ್ದು?

ಅವು ನಡೆಯುತ್ತಿರಲಿಲ್ಲ. ನಡೆಯುವ ಹಾಗೆ ನಟಿಸುತ್ತಿದ್ದವು. ಹಳೇ ಮಷೀನ್‌ಗಳಲ್ಲಿ ಪಾಸ್‌ವರ್ಡ್ ಕ್ಯಾಶ್ ಮಾಡುವ ಆಯ್ಕೆ ಆನ್ ಇದೆ. ಸರ್ವರ್ ಸಿಗದಿದ್ದಾಗ, ಹಿಂದೆ ಒಮ್ಮೆ ಒಳಗೆ ಬಂದವರನ್ನು ಅದೇ ಹಳೇ ಪಾಸ್‌ವರ್ಡ್ ನೋಡಿ ಬಿಡುತ್ತದೆ. ಲ್ಯಾಪ್‌ಟಾಪ್ ಹೊರಗೆ ಒಯ್ದಾಗ ಇದು ಬೇಕೇ ಬೇಕು. ಆದರೆ ಎಷ್ಟು ದಿನ ಹೀಗೆ ಬಿಡಬೇಕು ಅನ್ನೋ ಸೆಟ್ಟಿಂಗ್‌ನಲ್ಲಿ ಎಸ್‌ಎಸ್‌ಎಸ್‌ಡಿ ಮಾಡಿದವರಾಗೇ ಇಟ್ಟಿರುವ ಸಂಖ್ಯೆ 0. ಸೊನ್ನೆ ಅಂದರೆ ಬಿಡಲೇಬಾರದು ಅಂತಲ್ಲ, ಮಿತಿಯೇ ಇಲ್ಲ ಅಂತ. "ಎಸ್‌ಎಸ್‌ಎಸ್‌ಸಿಟಿಎಲ್" ಅನ್ನೋ ಕಮಾಂಡ್ ಹೊಡೆದು ಎಸ್‌ಎಸ್‌ಎಸ್‌ಡಿ ಸ್ಥಿತಿ ಕೇಳಿದರೆ ಎಲ್ಲ ಹಳೇ ಮಷೀನ್‌ಗಳೂ "ಆಫ್‌ಲೈನ್" ಅಂತ ಒಪ್ಪಿಕೊಂಡವು. ಅಷ್ಟು ದಿನ ಅವು ಸರ್ವರ್ ಮುಖವನ್ನೇ ನೋಡಿಲ್ಲ. ಲಾಗಿನ್ ಆದ ಒಬ್ಬರಿಗೂ ಒಂದು ಸುಳಿವಿಲ್ಲ. ಸರ್ವರ್‌ನಲ್ಲಿ ಪಾಸ್‌ವರ್ಡ್ ಬದಲಿಸಿದವರು ಹಳೇ ಪಾಸ್‌ವರ್ಡ್‌ನಿಂದಲೇ ಒಳಗೆ ಹೋಗಿಬರುತ್ತಿದ್ದರು.

ಇದರ ಅರ್ಥ ಏನು ಗೊತ್ತಾ? ಕೆಲಸ ಬಿಟ್ಟು ಹೋದ ಒಬ್ಬರ ಅಕೌಂಟ್ ಅನ್ನು ಸರ್ವರ್‌ನಿಂದ ತೆಗೆದುಹಾಕಿದ್ದರು. ಹಳೇ ಮಷೀನ್‌ಗಳಿಗೆ ಆ ಸುದ್ದಿಯೇ ತಲುಪಿಲ್ಲ. ಅವರು ಬಂದು ತಮ್ಮ ಹಳೇ ಪಾಸ್‌ವರ್ಡ್ ಹಾಕಿದ್ದರೆ "ಬನ್ನಿ ಬನ್ನಿ" ಅಂತ ಒಳಗೆ ಕರೆದುಕೊಳ್ಳುತ್ತಿದ್ದವು. ಇಲ್ಲೇ ಕೆಲಸ ಮಾಡುವ ನಾನು ಹೊಸ ಮಷೀನ್ ಮುಂದೆ ನಿಂತು ಬಾಗಿಲು ಬಡಿಯುತ್ತಿದ್ದೆ. ಅಂದರೆ ಅಷ್ಟೂ ಮಷೀನ್‌ಗಳಲ್ಲಿ ಸರಿಯಾಗಿ ನಡೆದುಕೊಂಡದ್ದು ಒಂದೇ, ಎಲ್ಲರೂ ಬೈದ ಆ ಹೊಸ ಮಷೀನ್. ಅದಕ್ಕೂ ತನ್ನ ನಿಯತ್ತನ್ನು ಬಾಯಿಬಿಟ್ಟು ಹೇಳಲು ಬರಲಿಲ್ಲ.

ಹೆಸರು ಸೇರಿಸಿ ಸರ್ಟಿಫಿಕೇಟ್ ಮತ್ತೆ ಮಾಡಿಸಿದ್ದಾಯಿತು. ಹೊಸ ಮಷೀನ್ ಒಳಗೆ ಬಿಟ್ಟಿತು. ಬಿಟ್ಟ ಕೂಡಲೇ "ಹೋಮ್ ಡೈರೆಕ್ಟರಿ ಇಲ್ಲ" ಅಂದಿತು, ಅದು ಬೇರೆ ಕಥೆ, ಅದಕ್ಕೆ ಪ್ಯಾಮ್‌ನಲ್ಲಿ ಇನ್ನೊಂದು ಮಾಡ್ಯೂಲ್ ಬೇಕು. ಈಗ ಎಲ್ಲ ಮಷೀನ್‌ಗಳಲ್ಲೂ ಆ ದರಿದ್ರ ಸೊನ್ನೆಯನ್ನು ತೆಗೆದು ದಿನಗಳ ಮಿತಿ ಹಾಕುತ್ತಿದ್ದೇನೆ. "ಮಿತಿ ಹಾಕಿದರೆ ಜನರಿಗೆ ತೊಂದರೆ ಆಗಲ್ವಾ?" ಅಂತ ಮೇಲಿನವರು ಕೇಳಿದ್ದಾರೆ. ಕೆಲಸ ಬಿಟ್ಟು ಹೋದವರಿಗೆ ಖಂಡಿತ ಆಗುತ್ತದೆ ಸಾರ್ ಅಂದೆ.

ಸರ್ವರ್ ತಂಡಕ್ಕೂ ಮೇಲ್ ಹಾಕಿದ್ದೇನೆ. ಮುಂದಿನ ಸಲ ಸರ್ಟಿಫಿಕೇಟ್ ಬದಲಿಸುವ ಮುಂಚೆ ದಯವಿಟ್ಟು ಒಂದು ಮಾತು ತಿಳಿಸಿ, ಹೆಸರುಗಳ ಪಟ್ಟಿ ನಾನೇ ಕೊಡುತ್ತೇನೆ ಅಂತ. ಬಹಳ ಬೇಗ ಉತ್ತರ ಬಂತು. "ಇದಕ್ಕೆ ಟಿಕೆಟ್ ಹಾಕಿ."